ಬಣ್ಣ ತರಲು ಹೋಗಿದ್ದ ವ್ಯಾನು

ಮೊನ್ನೆ ಮಗಳು ಕ್ಯಾರಿ ಊರಿನ ನಮ್ಮ ಮನೆಗೆ ಬಂದಿದ್ದಳು. ಅಂಗಡಿಯ ಖಾಕಿ ಕಾಗದದ ಚೀಲ ಹರಿದು ಟ್ರೇ ಮೇಲೆ ಹಾಸಿ, ಅದರ ಮೇಲೆ ಕಡಲೆಬೀಜ ಹರಡಿ ಅವನ್ ಒಳಗಿಟ್ಟಳು. ಸ್ವಲ್ಪ ಹೊತ್ತಿಗೆ ಕಾದ ಕಾಗದದ ವಾಸನೆ ಮನೆಯೆಲ್ಲ ತುಂಬಿತು. ನಾನು ಎದ್ದು ಹೋಗಿ ಅವನ್ ಆರಿಸಿಬಿಟ್ಟೆ. "ಅಮ್ಮಾ, ಯಾಕೆ? ಏನೂ ಬರ್ನ್ ಆಗ್ತಿಲ್ಲ" ಅಂದಳು. ನಿಜ, ಏನೂ ಸುಡುತ್ತಿರಲಿಲ್ಲ. ಆದರೆ ಅದು ಹಿಂದೆ ನಮ್ಮ ಪಕ್ಕದ ಮನೆಯಲ್ಲಿದ್ದ ಆಂಟಿಯ ಅಡಿಗೆಮನೆಯ ವಾಸನೆ... ಅದು ಮೂಗಿಗೆ ಬಡಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಯಾರ ಮೇಲೆ ಅಂತ ಮಗಳು ಕೇಳಿದಳು. ಒಂದೇ ಮಾತಿನಲ್ಲಿ ಹೇಳಲು ಆಗಲಿಲ್ಲ.

ತೊಂಬತ್ತರ ದಶಕದ ನಡುವೆ, ಮದುವೆಯಾಗಿ ವರ್ಷ ತುಂಬುವ ಮೊದಲೇ, ನಾನು ಇಲ್ಲಿಗೆ, ಅಮೆರಿಕದ ಕ್ಯಾರೊಲಿನಾ ರಾಜ್ಯಕ್ಕೆ ಬಂದೆ. ಗಂಡನ ವೀಸಾಕ್ಕೆ ಅಂಟಿಕೊಂಡು ಬಂದ ವೀಸಾ ನನ್ನದು. ಕೆಲಸ ಮಾಡುವ ಹಾಗಿಲ್ಲ. ಕಾರು ಓಡಿಸಲು ಬರುತ್ತಿರಲಿಲ್ಲ. ಕ್ಯಾರಿಯಲ್ಲಿ ಕಾರಿಲ್ಲದವರು ಕಾಲಿಲ್ಲದವರ ಹಾಗೆ. ಒಂದು ಮಧ್ಯಾಹ್ನ ಅಪಾರ್ಟ್‌ಮೆಂಟಿನ ಲಾಂಡ್ರಿ ರೂಮಿನಲ್ಲಿ ಮೆಷೀನು ಅರ್ಧಕ್ಕೆ ನಿಂತುಹೋಯಿತು. ಯಾರಿಗೆ ಅರ್ಥವಾಗುತ್ತದೆ ಎಂಬ ಧೈರ್ಯದಲ್ಲಿ "ದರಿದ್ರ ಮೆಷೀನು" ಅಂತ ಬೈದೆ. ಹಿಂದಿನಿಂದ ಒಂದು ದನಿ ಬಂತು: "ಅದಕ್ಕೆ ಕನ್ನಡ ಬರುದಿಲ್ಲ ಮಾರಾಯ್ತಿ. ಬಾಗಿಲಿಗೆ ಒಂದು ಒದಿ, ತಿರುಗ್ತದೆ."

ತಿರುಗಿತು. ಹಾಗೆ ಆಂಟಿ ಪರಿಚಯವಾದರು.

ಮಂಗಳೂರಿನ ಕ್ಯಾಥೊಲಿಕ್ ಹೆಂಗಸು, ಐವತ್ತು ದಾಟಿದ್ದರು. ಮದುವೆ ಮಾಡಿಕೊಂಡಿರಲಿಲ್ಲ. ಚಿಕ್ಕ ವಯಸ್ಸಿಗೇ ನರ್ಸ್ ಆಗಿ ಬಂದು, ಹತ್ತಿರದ ರಾಲಿ ನಗರದ ಒಂದು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಇಪ್ಪತ್ತು ವರ್ಷ ಕಳೆದಿದ್ದರು. ಮೆಕ್ಸಿಕೋದಿಂದ ಗೆಣಸು, ಸೌತೆ, ಹೊಗೆಸೊಪ್ಪಿನ ಹೊಲಗಳಿಗೆ ದುಡಿಯಲು ಬರುವವರ ಹೆಂಡಂದಿರು ಆ ವಾರ್ಡಿಗೆ ಬರತೊಡಗಿದಾಗ, ಅವರ ಜೊತೆ ಮಾತಾಡುವುದಕ್ಕೆಂದೇ ಸ್ಪ್ಯಾನಿಷ್ ಕಲಿತರು. ಆ ಹೆಂಗಸರ ಬಾಯಲ್ಲೇ ಅವರ ಊರಿನ ಕಥೆಗಳನ್ನು ಕೇಳಿದ್ದರು. ಹಳೇ ಬ್ಲೇಡಿನಲ್ಲೋ ಕುಡುಗೋಲಿನಲ್ಲೋ ಹೊಕ್ಕುಳಬಳ್ಳಿ ಕೊಯ್ದು, ವಾರದೊಳಗೆ ಧನುರ್ವಾಯು ಆಗಿ ತೀರಿಹೋದ ಮಕ್ಕಳ ಕಥೆಗಳು ಅವು.

ಆಮೇಲೆ ಅವರ ಅಡಿಗೆಮನೆ ಒಂದು ಕಾರ್ಖಾನೆಯೇ ಆಯಿತು. ಹಳೆಯ ಹತ್ತಿ ಬೆಡ್‌ಶೀಟುಗಳನ್ನು ಒಗೆದು ಕತ್ತರಿಸಿ, ಬಳ್ಳಿ ಕಟ್ಟುವ ದಾರದ ಜೊತೆ ಖಾಕಿ ಕಾಗದದಲ್ಲಿ ಸುತ್ತಿ, ಊರಿಂದ ತಂದಿದ್ದ ದೊಡ್ಡ ಕುಕ್ಕರಿನಲ್ಲಿ ಹಬೆಗೆ ಇಡುತ್ತಿದ್ದರು. ಒದ್ದೆ ಪೊಟ್ಟಣಗಳನ್ನು ಅವನ್‌ನಲ್ಲಿ ಸಣ್ಣ ಬಿಸಿಗೆ ಒಣಗಿಸುವುದು. ಆಮೇಲೆ ಒಂದು ಸೋಪು, ಒಂದು ಹೊಸ ಬ್ಲೇಡು ಸೇರಿಸಿ ಕಟ್ಟುವುದು. ಒಂದು ಹೆರಿಗೆಗೆ ಒಂದು ಪೊಟ್ಟಣ, ಆ ಹೆಂಗಸರ ಊರಿನ ಕಡೆಗೆ ಒಯ್ಯಲು. ನಾನು ಬಸುರಿ, ಮಾಡಲು ಬೇರೆ ಕೆಲಸವಿಲ್ಲ. ದಿನಾ ಹೋಗಿ ಕೂತು ಬಟ್ಟೆ ಮಡಿಸುತ್ತಿದ್ದೆ. ಮಡಿಕೆ ಸೊಟ್ಟಗಾದರೆ ಬೈಯುತ್ತಿದ್ದರು. "ಇದು ನಿನ್ನ ಮಗುವಿಗೆ ಅಂತ ತಿಳ್ಕೊ. ಈಗ ಮಡಚು ನೋಡುವಾ."

ನನ್ನ ಮಗಳು ಹುಟ್ಟಿದ್ದೂ ಅವರ ಕೈಯಲ್ಲೇ. ಅಮ್ಮನಿಗೆ ವೀಸಾ ಸಿಕ್ಕಿರಲಿಲ್ಲ. ನೋವು ತಡೆಯಲಾರದೆ "ಅಮ್ಮಾ" ಅಂತ ಕಿರುಚಿದಾಗ, "ಇದ್ದೇನೆ, ಇಲ್ಲೇ ಇದ್ದೇನೆ" ಅಂತ ಕನ್ನಡದಲ್ಲಿ ಉತ್ತರ ಕೊಟ್ಟವರು ಅವರೊಬ್ಬರೇ. ಬಾಣಂತನದಲ್ಲಿ ಡ್ಯೂಟಿ ಮುಗಿಸಿ ಬಂದು, ಯೂನಿಫಾರ್ಮ್ ಕೂಡ ಬಿಚ್ಚದೆ ನನಗೆ ಮೆಂತ್ಯದ ಗಂಜಿ ಕಾಯಿಸುತ್ತಿದ್ದರು. ಇದನ್ನೆಲ್ಲ ಬರೆಯುವಾಗ ನಾಚಿಕೆಯಾಗುತ್ತದೆ. ಮುಂದೆ ನಾನು ಮಾಡಿದ್ದನ್ನೂ ಬರೆಯಬೇಕಲ್ಲ...

ಬೇಸಿಗೆಯಲ್ಲಿ ಮೆಕ್ಸಿಕೋದ ಒಂದು ಬೆಟ್ಟದ ಹಳ್ಳಿಗೆ ಸೇವೆ ಮಾಡಲು ಹೋಗುವ ಸ್ವಯಂಸೇವಕರ ತಂಡವೊಂದು ಇತ್ತು. ಅದರ ಮುಖ್ಯಸ್ಥರು ನನ್ನ ಗಂಡನ ಆಫೀಸಿನ ಮ್ಯಾನೇಜರ್. ಅಮೆರಿಕನ್, ಎತ್ತರದ ಆಳು, ಎಲ್ಲರ ಬೆನ್ನು ತಟ್ಟಿ ಮಾತಾಡಿಸುವ ಸ್ವಭಾವ. ನಾವು ಹೊಸದಾಗಿ ಬಂದಾಗ ತಮ್ಮ ಹಳೇ ಸೋಫಾವನ್ನು ತಾವೇ ಹೊತ್ತು ತಂದು ಕೊಟ್ಟವರು. ಅವರು ಕೆಟ್ಟವರಾಗಿದ್ದರೆ ಇದನ್ನು ಹೇಳುವುದು ಸುಲಭವಾಗುತ್ತಿತ್ತು. ಆಂಟಿ ಎರಡು ಸಲ ಆ ತಂಡದ ಜೊತೆ ಹೋಗಿ ಬಂದಿದ್ದರು. ಮೂರನೇ ಸಲ ನನ್ನನ್ನೂ ಹೊರಡಿಸಿದರು. ಅಷ್ಟರಲ್ಲಿ ಮೈಸೂರಿಂದ ಅಮ್ಮ ಬಂದಿದ್ದರು, ಒಂದೂವರೆ ವರ್ಷದ ಮಗಳನ್ನು ನೋಡಿಕೊಳ್ಳುತ್ತೇನೆ ಅಂದರು. ನನ್ನ ಪಾಸ್‌ಪೋರ್ಟಿಗೆ ಮೆಕ್ಸಿಕೋ ವೀಸಾ ಹಾಕಿಸಲು ಆಂಟಿಯೇ ಅಟ್ಲಾಂಟಾವರೆಗೆ ಆರು ತಾಸು ಡ್ರೈವ್ ಮಾಡಿದರು, ದಾರಿಯುದ್ದಕ್ಕೂ ತಂಡವನ್ನು ಬೈಯುತ್ತಾ. "ಮೂರನೇ ವರ್ಷ ನೋಡು. ಮತ್ತೆ ಅದೇ ಶಾಲೆ, ಅದೇ ಗೋಡೆ, ಮತ್ತೆ ಪೇಂಟು! ಹೋದ ವರ್ಷ ಹಳದಿ, ಈ ವರ್ಷ ನೀಲಿಯಂತೆ. ಆ ಹೆಂಗಸರು ಕೇಳುದು ಹೆರಿಗೆಗೆ ಒಂದು ಕೋಣೆ, ಒಂದು ಮಂಚ, ನಲ್ಲಿಯಲ್ಲಿ ನೀರು. ಇವರಿಗೆ ಕಿವಿಯೇ ಇಲ್ಲ."

ಹೋಗಿ ನೋಡಿದರೆ ಅವರು ಹೇಳಿದ್ದೆಲ್ಲ ನಿಜ. ಗೋಡೆಯ ಬಣ್ಣ ಇನ್ನೂ ಹೊಸದಾಗಿಯೇ ಇತ್ತು. ನಾವು ಉಜ್ಜಿ ಉಜ್ಜಿ ಅದನ್ನು ತೆಗೆದೆವು, ಮೇಲೆ ನೀಲಿ ಬಳಿಯುವುದಕ್ಕೆ. ಊರಿನ ಹೆಂಗಸರು ಮಕ್ಕಳನ್ನು ಸೊಂಟದಲ್ಲಿಟ್ಟುಕೊಂಡು ನಿಂತು ನೋಡುತ್ತಿದ್ದರು, ಒಬ್ಬರನ್ನೊಬ್ಬರು ತಿವಿದು ನಗುತ್ತಿದ್ದರು. ಊರಲ್ಲಿ ಗಂಡಸರೇ ಕಾಣಿಸಲಿಲ್ಲ. ಎಲ್ಲಿ ಅಂತ ಕೇಳಿದರೆ "ಕ್ಯಾರೊಲಿನಾ" ಅಂದಳು ಒಬ್ಬಳು, ಪಕ್ಕದ ಬೀದಿಯನ್ನು ತೋರಿಸುವ ಹಾಗೆ. ಅವರ ಗಂಡಂದಿರು ನಮ್ಮೂರಿನ ಹೊಲಗಳಲ್ಲಿ ಬಗ್ಗಿ ಗೆಣಸು ಕೀಳುತ್ತಿದ್ದರು, ನಾವು ಅವರ ಊರಿಗೆ ಬಂದು ಗೋಡೆ ಉಜ್ಜುತ್ತಿದ್ದೆವು.

ನಾಲ್ಕನೆಯ ದಿನ ಬೆಳಿಗ್ಗೆ ಊರಿನ ಸೂಲಗಿತ್ತಿ ಆಂಟಿಯನ್ನು ಹುಡುಕಿಕೊಂಡು ಬಂದಳು. ಅರವತ್ತು ದಾಟಿದ ಮುದುಕಿ, ಆಂಟಿಗಿಂತ ಗಟ್ಟಿ ಕೈ. ಚೊಚ್ಚಲ ಬಸುರಿಯೊಬ್ಬಳಿಗೆ ಹಿಂದಿನ ದಿನದಿಂದ ನೋವು, ಮಗು ಇಳಿಯುತ್ತಿಲ್ಲ, ಪಟ್ಟಣದ ಆಸ್ಪತ್ರೆಗೆ ಒಯ್ಯಬೇಕು ಅಂದಳು. ಆಂಟಿ ಹೋಗಿ ನೋಡಿ, ಓಡುತ್ತಾ ಶಾಲೆಗೆ ಬಂದರು. ನಾನೂ ಜೊತೆಗಿದ್ದೆ. ಮ್ಯಾನೇಜರ್ ಏಣಿಯ ಮೇಲಿದ್ದರು.

"ವ್ಯಾನು ಬೇಕು, ಈಗಲೇ" ಅಂದರು ಆಂಟಿ. "ಹುಡುಗಿ ಸಾಯ್ತಾಳೆ."

"ವ್ಯಾನು ಪಟ್ಟಣಕ್ಕೆ ಹೋಗಿದೆ. ನೀಲಿ ಬಣ್ಣ ಸಾಲಲಿಲ್ಲ. ಸಂಜೆ ಬರುತ್ತೆ" ಅಂದರು ಅವರು.

"ಬೇರೆ ಗಾಡಿ ತರಿಸಿ."

"ಎಲ್ಲಿಂದ ತರಲಿ? ನೀವು ನರ್ಸ್ ಅಲ್ವಾ, ನಿಮ್ಮ ಕೈಲಾದದ್ದು ಮಾಡಿ."

ಇದು ನನ್ನ ಎದುರಿಗೇ ನಡೆದದ್ದು. ನಾನು ಏಣಿಯಿಂದ ನಾಲ್ಕು ಹೆಜ್ಜೆ ದೂರದಲ್ಲಿದ್ದೆ. ಅವರ ಬ್ರಷ್ಷಿನಿಂದ ಒಂದು ಹನಿ ನನ್ನ ಚಪ್ಪಲಿಯ ಮೇಲೆ ಬಿತ್ತು. ಅದೂ ನೆನಪಿದೆ.

ಹುಡುಗಿಗೆ ಹದಿನೆಂಟೋ ಹತ್ತೊಂಬತ್ತೋ. ಮಣ್ಣಿನ ನೆಲದ ಒಂದೇ ಕೋಣೆ, ಮೂಲೆಯ ಒಲೆಯಲ್ಲಿ ನಾನು ನೀರು ಕಾಯಿಸಿದೆ. ಆಂಟಿ ಮತ್ತು ಸೂಲಗಿತ್ತಿ ಅವಳ ಅಕ್ಕಪಕ್ಕ ಮಂಡಿಯೂರಿದ್ದರು. ಮಧ್ಯಾಹ್ನ ದಾಟಿದ ಮೇಲೆ ಮಗು ಬಂತು, ನೀಲಿಗಟ್ಟಿತ್ತು, ಅಳಲಿಲ್ಲ. ಆಂಟಿ ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟರು, ಬೆನ್ನು ತಿಕ್ಕಿದರು, ಕೊಂಕಣಿಯಲ್ಲಿ ಏನೋ ಗದರಿದರು. ಆಮೇಲೆ ಅಳು ಬಂತು. ತಾಯಿಗೆ ರಕ್ತ ನಿಲ್ಲಲಿಲ್ಲ. ಇಬ್ಬರೂ ಸರದಿಯಲ್ಲಿ ಅವಳ ಹೊಟ್ಟೆಯನ್ನು ಒತ್ತಿ ಒತ್ತಿ ಉಜ್ಜಿದರು, ಆಂಟಿಯ ತೋಳು ಮರಗಟ್ಟಿಹೋಗುವವರೆಗೆ. ಕೊನೆಗೆ ನಿಂತಿತು. ನಾನು ಮಡಿಸಿದ ಬಟ್ಟೆಗಳನ್ನೇ ಅಂದು ಬಿಚ್ಚಿದ್ದು. ವ್ಯಾನು ಬರುವ ಹೊತ್ತಿಗೆ ಮಗು ಮೊಲೆ ಕುಡಿಯುತ್ತಿತ್ತು. ತಂಡದವರೆಲ್ಲ ಓಡಿ ಬಂದು ಫೋಟೋ ತೆಗೆದರು.

ಆ ಫೋಟೋದಿಂದಲೇ ಎಲ್ಲ ಶುರುವಾಯಿತು. ವಾಪಸು ಬಂದ ಮೇಲೆ ಅದನ್ನು ತಂಡದ ಹಿರಿಯರಿಗೆ ತೋರಿಸಿದರು. ಅವರಲ್ಲಿ ಒಬ್ಬರು ವಕೀಲರು. ಪರದೇಶದಲ್ಲಿ ಹೆರಿಗೆ ಮಾಡಿಸಲು ಅನುಮತಿ ಕೊಟ್ಟವರು ಯಾರು, ಏನಾದರೂ ಆಗಿದ್ದರೆ ಕೇಸು ಯಾರ ಮೇಲೆ ಬೀಳುತ್ತಿತ್ತು ಅಂತ ಕೇಳಿದರು. ಒಂದು ಭಾನುವಾರ ಮ್ಯಾನೇಜರರ ಮನೆಯಲ್ಲಿ ಮೀಟಿಂಗ್ ಕರೆದರು. ಹೋಗುವಾಗ ಕಾರಿನಲ್ಲಿ ನನ್ನ ಗಂಡ ಹೇಳಿದರು: "ನಮ್ಮ ಗ್ರೀನ್ ಕಾರ್ಡ್ ಪೇಪರ್ಸ್ ಅವರ ಸೈನಿಗೆ ಕಾಯ್ತಿದೆ. ನೀನು ಅಲ್ಲಿ ಏನೂ ಮಾತಾಡಬೇಡ, ಪ್ಲೀಸ್." ನಾನು ಕಿಟಕಿಯಾಚೆ ನೋಡುತ್ತಾ ಕೂತೆ.

ತಣ್ಣನೆಯ ಲೆಮನೇಡ್ ಕೊಟ್ಟರು. ಮ್ಯಾನೇಜರ್ ಮೆಲ್ಲಗೆ, ಬೇಸರದ ದನಿಯಲ್ಲಿ ಹೇಳಿದರು: "ನನ್ನನ್ನು ಯಾರೂ ಏನೂ ಕೇಳಲಿಲ್ಲ. ಕೇಳಿದ್ದರೆ ಹೇಗಾದರೂ ಮಾಡಿ ಆಕೆಯನ್ನು ಆಸ್ಪತ್ರೆಗೆ ಕಳಿಸುತ್ತಿದ್ದೆ."

ಆಂಟಿ ಕೂತಲ್ಲಿಂದ ಎದ್ದರು. "ನಾನು ವ್ಯಾನು ಕೇಳಿದೆ. ಬಣ್ಣ ತರ್ಲಿಕ್ಕೆ ಹೋಗಿದೆ ಅಂದ್ರಿ. ನಿಮ್ಮ ಕೈಲಾದದ್ದು ಮಾಡಿ ಅಂದ್ರಿ. ಇವಳು ಅಲ್ಲೇ ಇದ್ದಳು, ಇವಳನ್ನು ಕೇಳಿ."

ಎಲ್ಲರೂ ನನ್ನ ಕಡೆ ತಿರುಗಿದರು. ಆಂಟಿ ಕನ್ನಡದಲ್ಲಿ ಒಂದೇ ಮಾತು ಅಂದರು: "ಹೇಳು."

"ನನಗೆ ಸರಿಯಾಗಿ ನೆನಪಿಲ್ಲ" ಅಂದೆ ನಾನು. "ತುಂಬಾ ಗಲಾಟೆ ಇತ್ತು..."

ಗಲಾಟೆಯೇ ಇರಲಿಲ್ಲ. ಆ ಶಾಲೆಯ ಅಂಗಳದಲ್ಲಿ ಅಂದು ಬೆಳಿಗ್ಗೆ ಕೋಳಿ ಕೆದಕುವ ಸದ್ದು ಕೂಡ ಕೇಳಿಸುತ್ತಿತ್ತು.

ಆಂಟಿಯನ್ನು ತಂಡದಿಂದ ತೆಗೆದರು. ಪೊಟ್ಟಣಗಳನ್ನು ಇನ್ನು ಒಯ್ಯುವುದಿಲ್ಲ ಅಂದರು. ಹೆರಿಗೆ ಕೋಣೆಯ ಮಾತನ್ನು ಯಾರೂ ಎತ್ತಲಿಲ್ಲ. ಅಷ್ಟಕ್ಕೇ ಬಿಡಲಿಲ್ಲ, ತಮ್ಮ ಮೇಲೆ ಏನೂ ಬರಬಾರದೆಂದು ಆಂಟಿಯ ಆಸ್ಪತ್ರೆಗೂ ಒಂದು ಪತ್ರ ಬರೆದರು. ಅಲ್ಲಿ ವಿಚಾರಣೆ ನಡೆಯಿತು. ಅದು ಮುಗಿಯುವವರೆಗೆ ಅಂತ ಅವರನ್ನು ಹೆರಿಗೆ ವಾರ್ಡಿನಿಂದ ಎತ್ತಿ ಫೈಲು ಜೋಡಿಸುವ ಟೇಬಲಿಗೆ ಕೂರಿಸಿದರು. ಇಪ್ಪತ್ತು ವರ್ಷ ಮಕ್ಕಳನ್ನು ಹಿಡಿದ ಕೈ! ಎರಡು ತಿಂಗಳು ಕೂತು, ವಿಚಾರಣೆ ಮುಗಿಯುವ ಮೊದಲೇ ಕೆಲಸ ಬಿಟ್ಟರು.

ನಾನು ಲಾಂಡ್ರಿಗೆ ಹೋಗುವ ಹೊತ್ತನ್ನು ಬದಲಾಯಿಸಿಕೊಂಡೆ. ಆದರೂ ಒಂದು ದಿನ ಮೆಟ್ಟಿಲ ಮೇಲೆ ಎದುರಾದರು. ಕೈಯಲ್ಲಿ ಪೆಟ್ಟಿಗೆ, ಮನೆ ಖಾಲಿ ಮಾಡುತ್ತಿದ್ದರು. ಪೆಟ್ಟಿಗೆ ಕೆಳಗಿಟ್ಟು ನನ್ನನ್ನು ತಡೆದು ನಿಲ್ಲಿಸಿದರು.

"ಹೆದರಿಕೆ ಆಯ್ತು ಅಂತ ನನಗೆ ಗೊತ್ತುಂಟು. ನಿನ್ನ ಗಂಡನ ಪೇಪರಿನ ವಿಷಯವೂ ಗೊತ್ತುಂಟು. ನೀನು ಬಾಯಿ ಮುಚ್ಚಿ ಕೂತಿದ್ರೆ ನಾನು ಏನೂ ಹೇಳ್ತಿರಲಿಲ್ಲ. ನೆನಪಿಲ್ಲ ಅಂತ ಎಂತಕ್ಕೆ ಹೇಳಿದ್ದು?"

"ಆಂಟಿ, ತಪ್ಪಾಯ್ತು..."

"ತಪ್ಪಾಯ್ತು ಅಂತ ನನಗೆ ಹೇಳಿ ಎಂತ ಪ್ರಯೋಜನ? ಅಲ್ಲಿ ಹೋಗಿ ಹೇಳು. ಈಗಲೂ ಹೇಳಬಹುದು, ಇವತ್ತೇ ಹೇಳಬಹುದು. ವಿಚಾರಣೆ ಇನ್ನೂ ಮುಗಿಲಿಲ್ಲ."

ಬಾಗಿಲು ಅಲ್ಲಿಗೂ ಮುಚ್ಚಿರಲಿಲ್ಲ ಅನ್ನುವುದೇ ನನ್ನನ್ನು ಇಂದಿಗೂ ಸುಡುವ ಮಾತು. ಒಂದು ಫೋನು ಮಾಡಿದ್ದರೆ ಸಾಕಿತ್ತು. ಪೇಪರ್ಸ್ ಸೈನ್ ಆಗಲಿ, ಆಮೇಲೆ ಅಂದುಕೊಂಡೆ. ಸೈನ್ ಆಯಿತು. ಕಾರ್ಡು ಬರಲಿ ಅಂದುಕೊಂಡೆ. ವರ್ಷಗಳು ಹಿಡಿದು ಅದೂ ಬಂತು. ಗಂಡ ಆಫೀಸಿಗೆಲ್ಲ ಮೈಸೂರುಪಾಕು ಹಂಚಿದರು, ಮ್ಯಾನೇಜರ್ ನನ್ನ ಬೆನ್ನನ್ನೂ ತಟ್ಟಿದರು. ನಾನು ನಕ್ಕೆ. ಥೂ, ಆ ನಗು! ಮೈಸೂರುಪಾಕು ಹಂಚಿದ ಆ ದಿನದ ಫೋಟೋ ಮನೆಯಲ್ಲಿತ್ತು, ನಾನೇ ಹರಿದು ಹಾಕಿದೆ.

ಆಂಟಿ ರಾಜ್ಯದ ಪೂರ್ವದ ಹೊಲಗಳ ಕಡೆ, ಕೂಲಿಕಾರರಿಗಾಗಿ ನಡೆಸುವ ಒಂದು ಸಣ್ಣ ಕ್ಲಿನಿಕ್ಕಿಗೆ ಸೇರಿದರು ಅಂತ ಕೇಳಿದೆ. ವಿಳಾಸ ಹುಡುಕಿ ಪತ್ರ ಬರೆದೆ. ಉತ್ತರ ಬರಲಿಲ್ಲ. ಬರಬೇಕು ಅಂತ ನಿರೀಕ್ಷಿಸಿದ್ದೂ ನನ್ನ ಸೊಕ್ಕೇ.

ಕಳೆದ ಚಳಿಗಾಲದಲ್ಲಿ ರಾಲಿಯ ತರಕಾರಿ ಮಾರ್ಕೆಟ್ಟಿನಲ್ಲಿ ಅಮೆರಿಕನ್ ಮುದುಕಿಯೊಬ್ಬರು ನನ್ನನ್ನು ಗುರುತು ಹಿಡಿದರು. ಅದೇ ಹೆರಿಗೆ ವಾರ್ಡಿನಲ್ಲಿ ಆಂಟಿಯ ಜೊತೆಗಿದ್ದ ನರ್ಸು. ನನ್ನ ಮಗಳು ಹುಟ್ಟಿದಾಗಲೂ ಇದ್ದವರು. ಆಂಟಿ ತೀರಿಕೊಂಡು ಎಂಟು ತಿಂಗಳಾಯಿತು ಅಂದರು. ಕೊನೆಯ ಕಾಲದವರೆಗೂ ಪ್ರತಿ ವರ್ಷ ಒಬ್ಬರೇ ಆ ಹಳ್ಳಿಗೆ ಹೋಗಿ ಬರುತ್ತಿದ್ದರಂತೆ. ಹೆರಿಗೆ ಕೋಣೆ ಆಗಿದೆ. ಗೆಣಸಿನ ಹೊಲದ ಆ ಗಂಡಸರೇ ರಜೆಗೆ ಊರಿಗೆ ಹೋದಾಗ ಕಟ್ಟಿಕೊಂಡರಂತೆ. ನೀರೂ ಬಂದಿದೆ. ಆ ತಂಡ ಏನಾಯಿತು ಅಂತ ನಾನು ಕೇಳಲಿಲ್ಲ. ಅವರ ಗೋಡೆ ಯಾವ ಬಣ್ಣದ್ದಾದರೂ ಇರಲಿ.

"ಚರ್ಚು ತುಂಬಿಹೋಗಿತ್ತು" ಅಂದರು ಆಕೆ. "ಮೆಕ್ಸಿಕೋದ ತಾಯಂದಿರು, ಅವರ ದೊಡ್ಡ ದೊಡ್ಡ ಮಕ್ಕಳು. ಹೊರಗೆ ಹುಲ್ಲಿನ ಮೇಲೂ ನಿಂತಿದ್ದರು. ಆದರೆ ನಿಮ್ಮ ಭಾಷೆಯವರು ಯಾರೂ ಬಂದಿರಲಿಲ್ಲ. ನಮ್ಮಲ್ಲಿ ಯಾರ ನಂಬರೂ ಇರಲಿಲ್ಲ, ಕ್ಷಮಿಸಿ."

ಕ್ಷಮೆ ಕೇಳಿದ್ದು ಆಕೆ. ನಾನು ಕೈಯಲ್ಲಿದ್ದ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸುತ್ತಾ, ಪರವಾಗಿಲ್ಲ ಅಂದೆ.