ಫ್ರಿಜ್ಜಿನ ಶ್ರುತಿ

ನಾನು ಮಣಿಪಾಲದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಲ್ಯಾಬ್ ನೋಡಿಕೊಳ್ಳುವವಳು. ಪಾಠ ಮಾಡುವವಳಲ್ಲ, ಪಾಠ ಮಾಡುವವರು ಹೇಳಿದ್ದು ನಿಜವೋ ಸುಳ್ಳೋ ಎಂದು ಮಕ್ಕಳಿಗೆ ಮಾಡಿ ತೋರಿಸುವವಳು. ಬಾಯಿ ಸ್ವಲ್ಪ ಜೋರು. ಕೇಬಲ್ ಸುತ್ತಿಡದೆ ಎಸೆದು ಹೋಗುವವರು ನನ್ನನ್ನು ಕಂಡರೆ ದಾರಿ ಬದಲಿಸುತ್ತಾರೆ. ಅದರಲ್ಲಿ ನನಗೇನೂ ಬೇಸರವಿಲ್ಲ.

ಹೊಸ ಬ್ಯಾಚ್ ಬಂದಾಗಲೆಲ್ಲ ಒಂದು ಆಟ ಆಡಿಸುತ್ತಿದ್ದೆ. ತಂತಿ ಮಿಡಿದರೂ ಗಂಟಲು ತೆರೆದರೂ ಬರುವುದು ಒಂದೇ ಸ್ವರವಲ್ಲ. ಸೆಕೆಂಡಿಗೆ ನೂರು ಸಲ ಕಂಪಿಸುವ ಸ್ವರವಿದ್ದರೆ ಅದರ ಬೆನ್ನಿಗೆ ಇನ್ನೂರರದ್ದು, ಮುನ್ನೂರರದ್ದು, ನಾನೂರರದ್ದು ಎಂದು ಸಾಲಾಗಿ ಹಿಂಬಾಲಿಸುತ್ತವೆ. ಹಾರ್ಮೋನಿಕ್ಸ್ ಎನ್ನುವುದು ಇವನ್ನೇ. ನಾನು ಕಂಪ್ಯೂಟರಿನಲ್ಲಿ ಬುಡದ ನೂರನ್ನು ಪೂರ್ತಿ ತೆಗೆದುಹಾಕಿ, ಹಿಂಬಾಲಕರನ್ನು ಮಾತ್ರ ಕೇಳಿಸುತ್ತಿದ್ದೆ. ಆದರೂ ಎಲ್ಲರಿಗೂ ನೂರೇ ಕೇಳುತ್ತದೆ. ಇಲ್ಲದ್ದನ್ನು ಕಿವಿ ತಾನೇ ಕಟ್ಟಿಕೊಳ್ಳುತ್ತದೆ. ‘ಮೊಬೈಲಿನ ಸ್ಪೀಕರಿಗೆ ಗಂಡಸಿನ ಧ್ವನಿಯ ಬುಡ ನುಡಿಸಲಿಕ್ಕೆ ತಾಕತ್ತೇ ಇಲ್ಲ. ನಿಮ್ಮ ಅಪ್ಪ ಫೋನಿನಲ್ಲಿ ಬೈಯುವಾಗ ಕೇಳುವ ದಪ್ಪ ಧ್ವನಿ ಉಂಟಲ್ಲ, ಅದು ನಿಮ್ಮ ತಲೆಯೊಳಗೇ ಹುಟ್ಟಿದ್ದು’ ಎಂದರೆ ಮಕ್ಕಳು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಈಗ ಆ ಭಾಗವನ್ನು ನನ್ನ ಸಹಾಯಕನಿಗೆ ಬಿಟ್ಟು ಹೊರಗೆ ಹೋಗಿ ನಿಲ್ಲುತ್ತೇನೆ.

ನನ್ನ ಮನೆ ಕಾರ್ಕಳದಲ್ಲಿ. ಮದುವೆಗಿದುವೆ ಇಲ್ಲದ ನಾನು, ಮಮ್ಮಿ, ಇಬ್ಬರೇ. ನಾವು ಕ್ರೈಸ್ತರು, ಮನೆಯ ಮಾತು ಕೊಂಕಣಿ. ಪಪ್ಪ ಇದ್ದಾಗ ಪ್ರತಿದಿನ ಸಂಜೆ ಏಳೂವರೆಗೆ ಜಪಸರ. ನಾವು ತೇರ್ಸ್ ಎನ್ನುತ್ತೇವೆ. ಅದನ್ನು ಒಬ್ಬರೇ ಹೇಳಿದರೆ ಮಮ್ಮಿಯ ಲೆಕ್ಕದಲ್ಲಿ ಹೇಳಿದಂತೆಯೇ ಅಲ್ಲ. ಮಾತೆಯ ಪ್ರಾರ್ಥನೆಯ ಮೊದಲಿನ ಅರ್ಧವನ್ನು ಒಬ್ಬರು ಹೇಳಬೇಕು, ಉಳಿದ ಅರ್ಧವನ್ನು ಇನ್ನೊಬ್ಬರು ಉತ್ತರವಾಗಿ ಕೊಡಬೇಕು, ಹೀಗೆ ಐವತ್ತು ಸಲ. ನಮ್ಮಲ್ಲಿ ಮೊದಲಿನ ಅರ್ಧ ಯಾವಾಗಲೂ ಪಪ್ಪನದ್ದು. ಇಗರ್ಜಿಯ, ಎಂದರೆ ಚರ್ಚಿನ, ಹಾಡಿನ ತಂಡದಲ್ಲಿ ಕೆಳಗಿನ ಸ್ವರ ಹಿಡಿಯುತ್ತಿದ್ದ ಮನುಷ್ಯ. ಪ್ರಾರ್ಥನೆಯನ್ನೂ ಹಾಗೇ, ಒಂದೇ ಮಟ್ಟದಲ್ಲಿ, ನೆಲಕ್ಕೆ ಹತ್ತಿರವಾಗಿ ಹೇಳುತ್ತಿದ್ದರು. ನಾನು ಕಾಲೇಜಿಗೆ ಹೋಗುವ ವಯಸ್ಸಿನಲ್ಲೇ ಪ್ರಾರ್ಥನೆ ಬಿಟ್ಟವಳು. ಕೆಲಸ ಸಿಕ್ಕ ಮೇಲೆ ಬೇಕೆಂದೇ ತಡವಾದ ಬಸ್ಸು ಹಿಡಿಯುತ್ತಿದ್ದೆ. ಅದು ಇಬ್ಬರಿಗೂ ಗೊತ್ತಿತ್ತು.

ತಂಗಿಯ ಬಾಣಂತನಕ್ಕೆ ಮಮ್ಮಿ ಮಸ್ಕತ್ತಿಗೆ ಮೂರು ತಿಂಗಳು ಹೋಗಬೇಕಾಯಿತು. ಅಲ್ಲಿ ಅವಳ ಜೊತೆ ಕೂತು ಪ್ರಾರ್ಥನೆ ಹೇಳಲು ಯಾರಿಗೂ ಪುರುಸೊತ್ತಿಲ್ಲ. ಆಗ ಪಪ್ಪ ಒಂದು ಉಪಾಯ ಮಾಡಿದರು. ಅಡಿಗೆಮನೆಯ ಮೇಜಿನ ಮುಂದೆ ಕೂತು, ಮೊಬೈಲಿನಲ್ಲಿ ತಮ್ಮ ಐವತ್ತು ಅರ್ಧಗಳನ್ನು ರೆಕಾರ್ಡ್ ಮಾಡಿ ಕಳಿಸಿದರು. ಪ್ರತಿ ಅರ್ಧದ ನಂತರ ಮಮ್ಮಿಯ ಉತ್ತರಕ್ಕೆ ಎಷ್ಟು ಬೇಕೋ ಅಷ್ಟೇ ಜಾಗ ಬಿಟ್ಟಿದ್ದರು. ಗಡಿಯಾರ ನೋಡಿ ಅಲ್ಲ. ನಲವತ್ತು ವರ್ಷ ಕೇಳಿದ ಅಭ್ಯಾಸದಿಂದ. ಹಿಂದೆ ಹಳೆಯ ಫ್ರಿಜ್ಜು ಗುಂಯ್ ಎನ್ನುತ್ತಿತ್ತು. ನಡುವೆ ಒಮ್ಮೆ ಮೀನಿನವನ ಸ್ಕೂಟರಿನ ಹಾರ್ನ್ ಕೂಡ ಸೇರಿತ್ತು.

ಮಮ್ಮಿ ಮರಳಿ ಬಂದ ವರ್ಷವೇ ಪಪ್ಪ ತೀರಿಕೊಂಡರು. ಎದೆನೋವು ಎಂದವರು ಆಸ್ಪತ್ರೆಯ ಬಾಗಿಲು ಕಾಣಲಿಲ್ಲ. ಏಳನೆಯ ದಿನದ ಪೂಜೆ ಮುಗಿದು ನೆಂಟರೆಲ್ಲ ಹೋದ ಸಂಜೆ, ನಾನು ಜಗಲಿಯಲ್ಲಿ ಚಪ್ಪಲಿ ಬಿಡುತ್ತಿದ್ದಾಗ ಒಳಗಿಂದ ಪಪ್ಪನ ಧ್ವನಿ ಬಂತು. ಪಪ್ಪ ಹೇಳಿ ನಿಲ್ಲಿಸಿದರು. ಮಮ್ಮಿ ಉತ್ತರ ಕೊಟ್ಟಳು. ಅವಳ ಕೊನೆಯ ಪದ ಮುಗಿಯುವುದಕ್ಕೂ ಪಪ್ಪ ಮತ್ತೆ ಶುರುಮಾಡುವುದಕ್ಕೂ ಸರಿಹೋಯಿತು. ಬಾಗಿಲ ಹೊರಗೆ ನಿಂತು ನಾನು ಅತ್ತೆ. ಒಳಗೆ ಹೋಗುವ ಧೈರ್ಯ ಬರಲಿಲ್ಲ.

ಅಂದಿನಿಂದ ಅದೇ ಕ್ರಮ. ನಮ್ಮವರ ನಂಬಿಕೆಯಲ್ಲಿ ಸತ್ತವರ ಆತ್ಮ ನೇರವಾಗಿ ಸ್ವರ್ಗಕ್ಕೆ ಹೋಗುವುದಿಲ್ಲ. ನಡುವೆ ಒಂದು ಕಡೆ ಬೆಂದು ಶುದ್ಧವಾಗಬೇಕು. ಬದುಕಿರುವವರು ಪ್ರಾರ್ಥಿಸಿದಷ್ಟು ಆ ಬೇಗೆಯ ಕಾಲ ಕಡಿಮೆಯಾಗುತ್ತದೆ. ಪಪ್ಪನ ಬಿಡುಗಡೆಗಾಗಿ ಮಮ್ಮಿ ಪ್ರತಿದಿನ ಪ್ರಾರ್ಥಿಸುತ್ತಿದ್ದಳು, ಪಪ್ಪನ ಜೊತೆಯಲ್ಲೇ ಕೂತು. ನನ್ನಂಥವಳಿಗೆ ಇದು ವಿಚಿತ್ರವಾಗಿ ಕಾಣಬೇಕಿತ್ತು. ಕಾಣಲಿಲ್ಲ. ನಾನು ತಡವಾದ ಬಸ್ಸು ಬಿಟ್ಟು ಮೊದಲಿನ ಬಸ್ಸಿಗೆ ಬರತೊಡಗಿದೆ, ಜಗಲಿಯಲ್ಲಿ ಕೂತು ಕೇಳಲಿಕ್ಕೆ.

ಆ ಫ್ರಿಜ್ಜಿನ ಗುಂಯ್ ಮಾತ್ರ ನನ್ನ ತಲೆ ತಿನ್ನುತ್ತಿತ್ತು. ಮಮ್ಮಿಯ ಕಿವಿ ಮಂದವಾಗುತ್ತ ಬಂದ ಹಾಗೆ ಅವಳು ಮೊಬೈಲನ್ನು ಜೋರು ಮಾಡುವುದು, ಗುಂಯ್ ಇನ್ನೂ ಜೋರಾಗುವುದು. ಲ್ಯಾಬಿನಲ್ಲಿ ದಿನವಿಡೀ ಇಂಥ ಗುಂಯ್‌ಗಳನ್ನು ತೆಗೆಯುವುದೇ ನನ್ನ ಕೆಲಸ. ನನ್ನ ಅಪ್ಪನ ಧ್ವನಿಗೆ ಅಷ್ಟೂ ಮಾಡಬಾರದಾ? ರೆಕಾರ್ಡನ್ನು ಲ್ಯಾಬಿನ ಕಂಪ್ಯೂಟರಿಗೆ ಹಾಕಿಕೊಂಡು, ಒಂದು ಮಧ್ಯಾಹ್ನ ಊಟದ ಡಬ್ಬಿ ಪಕ್ಕಕ್ಕಿಟ್ಟು ಕೂತೆ. ನಮ್ಮ ಕರೆಂಟಿನ ಗುಂಯ್ ನೂರರಲ್ಲಿ ಇರುತ್ತದೆ. ಅದರ ಹಿಂಬಾಲಕರು ಇನ್ನೂರು, ಮುನ್ನೂರು, ನಾನೂರರಲ್ಲಿ. ಸದ್ದನ್ನು ಗೆರೆಗಳಾಗಿ ತೋರಿಸುವ ಪರದೆಯ ಮೇಲೆ ಅವು ಬೆಳ್ಳಗೆ ಹೊಳೆಯುತ್ತಿದ್ದವು. ಒಂದೊಂದನ್ನೇ ಕತ್ತರಿಸಿದೆ. ಪರದೆ ಎಷ್ಟು ಸ್ವಚ್ಛವಾಯಿತೆಂದರೆ ನನಗೇ ಹೆಮ್ಮೆಯಾಯಿತು. ಹಳೆಯ ಫೈಲಿನ ಮೇಲೆಯೇ ಉಳಿಸಿದೆ. ಸಂಜೆ ಮಮ್ಮಿಯ ಮೊಬೈಲಿಗೆ ಹೊಸದನ್ನು ಹಾಕಿ, ಎರಡೆರಡಿದ್ದರೆ ಅವಳಿಗೆ ಗಲಿಬಿಲಿ ಎಂದು ಹಳೆಯದನ್ನು ಅಳಿಸಿದೆ. ಒಂದು ಸಲವೂ ಮೊದಲಿಂದ ಕೊನೆಯವರೆಗೆ ಕೇಳಲಿಲ್ಲ. ನಾನು ಕಣ್ಣಿನಿಂದ ನೋಡಿ ಮುಗಿಸಿದ್ದೆ.

ಅಂದು ಏಳೂವರೆಗೆ ಮಮ್ಮಿ ಎಂದಿನಂತೆ ಒತ್ತಿದಳು. ಮೂರು ನಾಲ್ಕು ಸಲ ಉತ್ತರ ಕೊಟ್ಟಳು, ಆಮೇಲೆ ಕೊಡಲಿಲ್ಲ. ಜಪಸರ ಕೈಯಲ್ಲಿ ಹಿಡಿದು ಸುಮ್ಮನೆ ಕೇಳುತ್ತ ಕೂತಳು. ನಾನು ಜಗಲಿಯಿಂದಲೇ, ‘ಈಗ ಎಷ್ಟು ಸ್ಪಷ್ಟ ಕೇಳ್ತದೆ ಅಲ್ವಾ?’ ಎಂದೆ. ಅವಳು ಮೊಬೈಲನ್ನು ಕಿವಿಗೆ ಇನ್ನಷ್ಟು ಹತ್ತಿರ ಹಿಡಿದಳು.

ವಾರ ಕಳೆದು ಒಂದು ಭಾನುವಾರ ಮಮ್ಮಿ ಬೆಳಿಗ್ಗೆಯೇ ಹೆಸರುಬೇಳೆಯ ಪಾಯಸ ಮಾಡಿದಳು. ಹಬ್ಬವಲ್ಲ, ಹುಟ್ಟುಹಬ್ಬವಲ್ಲ. ನೆರೆಯ ಐದಾರು ಮನೆಗಳಿಗೆ ಕೊಟ್ಟು ಬಂದಳು. ಎಂತ ವಿಶೇಷ ಎಂದು ಕೇಳಿದೆ.

‘ಪಪ್ಪ ಸ್ವರ್ಗಕ್ಕೆ ದಾಟಿದರು ಬಾಯೆ,’ ಎಂದಳು. ಮುಖದಲ್ಲಿ ಎಷ್ಟೋ ವರ್ಷದಿಂದ ಕಾಣದ ಕಳೆ. ‘ಧ್ವನಿ ಹಗುರ ಆಗಿದೆ, ನೀನು ಕೇಳ್ಲಿಲ್ವಾ? ಮೊದಲು ಭಾರ ಇತ್ತು. ಈಗ ಉಸಿರಿನ ಹಾಗೆ, ಮೇಲಿಂದ ಬಂದ ಹಾಗೆ. ಇನ್ನು ಅವರಿಗೆ ನಮ್ಮ ಪ್ರಾರ್ಥನೆ ಬೇಡ.’

ನನಗೆ ಮೊದಲು ನಗು ಬಂತು. ನನ್ನ ಫಿಲ್ಟರಿಗೆ ಇಷ್ಟು ದೊಡ್ಡ ಬಿರುದು ಯಾರು ಕೊಟ್ಟಾರು? ಆದರೆ ಉಸಿರಿನ ಹಾಗೆ ಎಂದದ್ದು ಮನಸ್ಸಿನಲ್ಲಿ ಚುಚ್ಚಿತು. ಮರುದಿನ ಲ್ಯಾಬಿನಲ್ಲಿ ಸಹಾಯಕನಿಗೆ ಕೇಳಿಸಿದೆ. ಅವನು ಕಾಪುವಿನವನು, ಯಕ್ಷಗಾನದಲ್ಲಿ ಮದ್ದಳೆ ಬಾರಿಸುವವನು. ನನಗೆ ಪರದೆ ಹೇಗೋ ಅವನಿಗೆ ಕಿವಿ ಹಾಗೆ. ಒಂದು ನಿಮಿಷ ಕೇಳಿ ಹೆಡ್‌ಫೋನ್ ತೆಗೆದ.

‘ಎಂತ ಮಾಡಿದ್ರಿ ಮೇಡಂ ನೀವು? ಇದರಲ್ಲಿ ಜನವೇ ಇಲ್ಲ.’

‘ಫ್ರಿಜ್ಜಿನ ಗುಂಯ್ ತೆಗ್ದೆ, ಅಷ್ಟೇ.’

‘ಅಯ್ಯೋ ದೇವರೇ. ನಿಮ್ಮ ತಂದೆಯವರು ಹಾಡುವವರಲ್ವಾ? ಹಾಡುವವನ ಹತ್ತಿರ ಯಾವ ಶ್ರುತಿ ಇಟ್ರೂ ಅವ ಅದಕ್ಕೇ ಸೇರ್ತಾನೆ ಮಾರಾಯ್ರೆ. ಭಾಗವತರ ಹತ್ತಿರ ಕೂತು ಕೂತು ನನಗೂ ಅದೇ ಚಾಳಿ. ಮನೆಯಲ್ಲಿ ಮಿಕ್ಸಿ ತಿರುಗಿದ್ರೆ ಅದರ ಶ್ರುತಿಗೇ ಗುನುಗೋದು, ಹೆಂಡತಿ ಬೈತಾಳೆ. ಅವರು ಫ್ರಿಜ್ಜಿನ ಶ್ರುತಿಗೆ ಪ್ರಾರ್ಥನೆ ಹೇಳಿದ್ದು!’

ಪರದೆ ತೆರೆದು ನೋಡಿದೆ. ಅವನು ಹೇಳಿದ್ದು ಸರಿ. ವಾಕ್ಯದ ಶುರುವಿನಲ್ಲಿ ಪಪ್ಪನ ಧ್ವನಿಯ ಗೆರೆಗಳು ಸಣ್ಣದಾಗಿ ಕಾಣಿಸಿ, ಜಾರಿಕೊಂಡು ಬಂದು, ನಾನು ಕತ್ತರಿಸಿದ ಕಪ್ಪು ಪಟ್ಟಿಗಳೊಳಗೆ ಹೋಗಿ ಮಾಯವಾಗುತ್ತಿದ್ದವು. ಕೊನೆಯ ಪದದಲ್ಲಿ ಸ್ವರ ಇಳಿಯುವಾಗ ಕೆಳಗಿನಿಂದ ಮತ್ತೆ ಹೊರಗೆ ಬರುತ್ತಿದ್ದವು. ನೂರು, ಇನ್ನೂರು, ಮುನ್ನೂರು, ಅಷ್ಟೂ ಕಡೆ ಹಾಗೇ. ನಾನು ಕತ್ತರಿಸಿದ್ದು ಫ್ರಿಜ್ಜನ್ನು ಮಾತ್ರವಲ್ಲ, ಪಪ್ಪನನ್ನು. ತುಟಿಯ ಸದ್ದು ಉಳಿದಿತ್ತು, ಉಸಿರು ಉಳಿದಿತ್ತು. ಮೀನಿನವನ ಹಾರ್ನ್ ಅಂತೂ ಒಂದು ಚೂರೂ ಕೆಡದೆ ಉಳಿದಿತ್ತು. ಕೈಗೆ ಸಿಕ್ಕ ಪೆನ್ನನ್ನು ಗೋಡೆಗೆ ಬಿಸಾಡಿದೆ. ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದ ಕತ್ತೆ ನಾನು.

ಮೂಲ ಎಲ್ಲಾದರೂ ಉಳಿದಿದೆಯೇ ಎಂದು ಹುಡುಕಿದೆ. ಲ್ಯಾಬಿನ ಕಂಪ್ಯೂಟರಿನಲ್ಲಿ ಇಲ್ಲ. ಮಸ್ಕತ್ತಿಗೆ ಫೋನ್ ಮಾಡಿದರೆ, ಅದು ಬಂದದ್ದು ಮಮ್ಮಿಯ ಫೋನಿಗೆ ಮಾತ್ರ ಎಂದಳು ತಂಗಿ. ಪಪ್ಪನ ಫೋನನ್ನು ಅವರು ಹೋದ ಮೇಲೆ ನಾನೇ ಪೂರ್ತಿ ಖಾಲಿ ಮಾಡಿ ಯಾರಿಗೋ ಕೊಟ್ಟಿದ್ದೆ. ಕೊನೆಗೆ ಹುಚ್ಚು ಹತ್ತಿ, ಕತ್ತರಿಸಿದ ಕಡೆಗಳಲ್ಲೆಲ್ಲ ಹೊಸ ಗೆರೆಗಳನ್ನು ನಾನೇ ತುಂಬಿಸಿದೆ: ನೂರು, ಇನ್ನೂರು, ಮುನ್ನೂರು. ಒತ್ತಿ ಕೇಳಿದರೆ ಫ್ರಿಜ್ಜೇ ಬಾಯಿ ತೆರೆದು ಪ್ರಾರ್ಥನೆ ಹೇಳಿದಂತಿತ್ತು. ಸಹಾಯಕ ಕೈ ಚಾಚಿ ನಿಲ್ಲಿಸಿದ.

‘ಬೇಡ ಮೇಡಂ, ಇದು ಒಳ್ಳೆಯದಲ್ಲ. ಅಮ್ಮ ಸಮಾಧಾನದಲ್ಲಿದ್ದಾರಲ್ಲ. ನೀವು ಬಾಯಿ ಮುಚ್ಚಿ ಕೂತ್ಕೊಳ್ಳಿ.’

ಜನ್ಮದಲ್ಲಿ ಮೊದಲ ಸಲ ನಾನು ಬಾಯಿ ಮುಚ್ಚಿ ಕೂತೆ. ಅದು ಸುಲಭವಿರಲಿಲ್ಲ. ಕರೆಂಟು ಎಲ್ಲ ಕಡೆಯೂ ಒಂದೇ ಶ್ರುತಿಯಲ್ಲಿ ಗುಂಯ್‌ಗುಡುತ್ತದೆ. ಹಿರಿಯಡ್ಕದಲ್ಲಿ ಬಸ್ಸು ನಿಂತಾಗ ಕಂಬದ ಟ್ರಾನ್ಸ್‌ಫಾರ್ಮರ್, ಉಡುಪಿಯ ಅಂಗಡಿಯ ಐಸ್‌ಕ್ರೀಂ ಪೆಟ್ಟಿಗೆ, ಲ್ಯಾಬಿನ ಹಳೆಯ ಟ್ಯೂಬ್‌ಲೈಟು, ಎಲ್ಲವೂ ಪಪ್ಪ ಹೇಳುತ್ತಿದ್ದ ಅದೇ ಮಟ್ಟದಲ್ಲಿ. ಅವರು ಶುರುಮಾಡಲು ಉಸಿರೆಳೆದಿದ್ದಾರೆ, ಇನ್ನೇನು ಹೇಳುತ್ತಾರೆ ಎನಿಸುವುದು. ಕಾದರೆ ಪದ ಬರುವುದಿಲ್ಲ. ಮನೆಯಲ್ಲಿ ಅಡಿಗೆಮನೆಗೆ ಹೋಗುವುದೆಂದರೆ ನನಗೆ ಭಯವಾಗತೊಡಗಿತು. ಭಯವಾದರೂ ಹೋಗಿ ಫ್ರಿಜ್ಜಿಗೆ ಕಿವಿಯಿಟ್ಟು ನಿಲ್ಲುತ್ತಿದ್ದೆ. ಹಾಲು ತೆಗೆಯಲು ಬಂದ ಮಮ್ಮಿ ಒಮ್ಮೆ, ‘ತಲೆನೋವಾ?’ ಎಂದು ಕೇಳಿದಳು. ಹೌದು ಎಂದೆ. ಅವಳು ಮಾತ್ರ ಚೆನ್ನಾಗಿದ್ದಳು. ಸಂಜೆ ಏಳೂವರೆಗೆ ಈಗ ಜಪಸರವಿಲ್ಲ, ಟಿವಿ ನೋಡುತ್ತಿದ್ದಳು.

ಹೀಗೆ ಎರಡು ತಿಂಗಳು ಹೋಯಿತು. ಒಂದು ಸಂಜೆ ಕೆಲಸದಿಂದ ಬಂದಾಗ ಮಮ್ಮಿ ಮೇಜಿನ ಮೇಲೆ ಅಂಗಡಿಯ ಚೀಟಿಯೊಂದನ್ನು ಹರಡಿಕೊಂಡಿದ್ದಳು. ಹಳೆಯ ಫ್ರಿಜ್ಜು ಕೊಟ್ಟರೆ ಹೊಸದಕ್ಕೆ ರಿಯಾಯಿತಿ, ಗಾಡಿ ನಾಳೆಯೇ ಬರುತ್ತದೆ. ‘ಇದು ನನ್ನ ಕಿವಿಗೂ ಕೇಳುವಷ್ಟು ಸದ್ದು ಮಾಡ್ತದೆ, ನಿನಗೆ ತಲೆನೋವು ಬರುವುದೇ ಇದರಿಂದ,’ ಎಂದಳು.

‘ಬೇಡ!’ ಎಂದು ಕಿರುಚಿದೆ. ನನ್ನ ಕಿರುಚಾಟಕ್ಕೆ ನಾನೇ ಬೆಚ್ಚಿದೆ. ‘ಅದನ್ನು ಕೊಡಬೇಡ ಮಮ್ಮಿ. ಉಳಿದಿರುವುದು ಅದೊಂದೇ.’

‘ಎಂತ ಉಳಿದಿರುವುದು?’

ಆಮೇಲೆ ತಡೆಯಲು ಆಗಲಿಲ್ಲ. ಗೆರೆಗಳು, ನೂರು, ಇನ್ನೂರು, ಫ್ರಿಜ್ಜಿನ ಶ್ರುತಿ, ನಾನು ಕತ್ತರಿಸಿದ್ದು, ಅಳಿಸಿದ್ದು, ಹುಡುಕಿದ್ದು, ಎಲ್ಲವನ್ನೂ ಅಳುತ್ತ ಹೇಳಿದೆ. ಧ್ವನಿ ಹಗುರವಾದದ್ದು ಮೇಲಿಂದಲ್ಲ, ಮಣಿಪಾಲದ ಲ್ಯಾಬಿನಿಂದ ಎಂದೆ. ಅವಳು ಬೈಯಲಿ ಎಂದು ಕಾದೆ. ಗಂಡನ ಧ್ವನಿ ಕಳೆದೆಯಲ್ಲ ಎಂದು ಕೆನ್ನೆಗೆ ಬಾರಿಸಿದ್ದರೂ ನನಗೆ ಹಗುರವಾಗುತ್ತಿತ್ತು.

ಮಮ್ಮಿ ಧ್ವನಿಯ ವಿಷಯ ಎತ್ತಲೇ ಇಲ್ಲ. ಚೀಟಿಯನ್ನು ಮಡಿಸುತ್ತ, ಬಿಚ್ಚುತ್ತ ಕೂತಳು. ಅವಳ ಮುಖದ ಕಳೆ ನನ್ನ ಕಣ್ಣೆದುರೇ ಇಳಿದುಹೋಯಿತು.

‘ಹಾಗಾದರೆ ಅವರು ಇನ್ನೂ ಅಲ್ಲೇ ಇದ್ದಾರೆ,’ ಎಂದಳು.

ನಾನು ಬಾಯಿ ತೆರೆದೆ. ಹಾಗೇನೂ ಇಲ್ಲ, ಅಂಥ ಜಾಗವೇ ಇಲ್ಲ ಎನ್ನಬೇಕೆಂದಿದ್ದೆ.

‘ಎರಡು ತಿಂಗಳು ಅವರನ್ನು ಬೇಯಲಿಕ್ಕೆ ಬಿಟ್ಟು, ನಾನು ಪಾಯಸ ಹಂಚಿದೆ.’

ಎದ್ದು ಹೋಗಿ ಕಪಾಟಿನಿಂದ ಜಪಸರ ತಂದಳು. ಮೊಣಕಾಲು ನೋವಿರುವವಳು ನೆಲದ ಮೇಲೆಯೇ ಮೊಣಕಾಲೂರಿದಳು. ಮೊಬೈಲನ್ನು ಮುಟ್ಟಲಿಲ್ಲ. ‘ಬಾ, ಶುರುಮಾಡು,’ ಎಂದಳು. ಇಪ್ಪತ್ತೈದು ವರ್ಷದಿಂದ ನಾನು ಹೇಳದ ಮಾತುಗಳು ಹೇಗೋ ಬಾಯಿಗೆ ಬಂದವು. ನಾನು ಹೇಳಿ ನಿಲ್ಲಿಸಿದೆ, ಅವಳು ಉತ್ತರ ಕೊಟ್ಟಳು. ನಾನು ಬಿಡುವ ಜಾಗ ಅವಳಿಗೆ ಸಾಲುತ್ತಿರಲಿಲ್ಲ. ಪ್ರತಿ ಸಲವೂ ಅವಳ ಕೊನೆಯ ಪದದ ಮೇಲೆಯೇ ನಾನು ಬೀಳುತ್ತಿದ್ದೆ. ಐವತ್ತು ಮುಗಿಯಿತು. ನಾನು ಅವಳನ್ನು ಎಬ್ಬಿಸಲು ಕೈ ಕೊಟ್ಟೆ. ಅವಳು ಕೈ ಹಿಡಿಯಲಿಲ್ಲ, ಜಪಸರದ ಮೊದಲ ಮಣಿಗೆ ಮತ್ತೆ ಬೆರಳಿಟ್ಟಳು.

‘ಇದು ಇವತ್ತಿನದ್ದು,’ ಎಂದಳು. ‘ಬಿಟ್ಟ ದಿನಗಳದ್ದು ಇನ್ನು ಶುರುಮಾಡು.’