ಗೂಳಿ ಪಾಠಕ್ಕೆ ಕೂತದ್ದು

ಮೇಲ್ನೋಟಕ್ಕೆ ಒರಟು ಮಾಲು. ಕುತ್ತಿಗೆ ಎಂಬುದೇ ಇಲ್ಲ, ತಲೆಯನ್ನು ತಂದು ಭುಜದ ಮೇಲಿಟ್ಟು ಬೋಲ್ಟು ಬಿಗಿದ ಹಾಗಿತ್ತು. ಎಡಗಿವಿ ಯಾವುದೋ ಹೊಡೆದಾಟದಲ್ಲಿ ನಜ್ಜುಗುಜ್ಜಾಗಿ, ನೆನೆದು ಒಣಗಿದ ಚರ್ಮದ ಚೂರಿನಂತೆ ಮುದುಡಿಕೊಂಡಿತ್ತು. ಮೂಗು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಬಾಗಿತ್ತು. ಅಂದರೆ ಇಬ್ಬರು ಬೇರೆ ಬೇರೆ ದಿಕ್ಕಿನಿಂದ ಪ್ರಯತ್ನಪಟ್ಟಿದ್ದಾರೆ ಎಂದು ನಾನು ಅಂದಾಜು ಮಾಡಿದೆ. ಬೆನ್ನು ಗಟ್ಟಿ, ಇನ್ನೂ ಬಹಳ ಕಾಲ ಬಾಳಿಕೆ ಬರುವಂಥದ್ದು. ಸದ್ದು ಜಾಸ್ತಿ. ಅದಕ್ಕೊಂದಿಷ್ಟು ರಿಯಾಯಿತಿ ಕೇಳಬಹುದಿತ್ತು, ಕೇಳುವ ಗಂಡಸು ಬೇಕಲ್ಲ.

ಯಾಕೆಂದರೆ ಅವನು ನನ್ನ ಕಬ್ಬಿಣದ ಗೋದಾಮಿಗೆ ಕೆಲಸ ಬೇಡಿಕೊಂಡು ಬಂದವನಲ್ಲ. ಹಮಾಲರ ಜತೆ ಒಬ್ಬನಾಗಿ ಬಂದು, ಒಂದು ಬೆಳಿಗ್ಗೆ ಅಲ್ಲಿದ್ದ ಮೇಸ್ತ್ರಿಯನ್ನು ಎಲ್ಲರೆದುರು ಎತ್ತಿ ಸರಳಿನ ರಾಶಿಯ ಮೇಲೆ ಒಗೆದ. ಆಮೇಲೆ ಬೆವರು ಒರೆಸಿಕೊಳ್ಳುತ್ತ ನನ್ನ ಮೇಜಿನ ಮುಂದೆ ನಿಂತು, ಇನ್ನು ಮೇಲೆ ತಾನೇ ಮೇಸ್ತ್ರಿ ಎಂದು ತಿಳಿಸಿದ. ಹಳೇ ಮೇಸ್ತ್ರಿಯ ಪಕ್ಕೆಲುಬು ಮುರಿದಿತ್ತು. ನಮ್ಮ ಗೋದಾಮಿನಲ್ಲಿ ಬಡ್ತಿ ಸಿಗುತ್ತಿದ್ದದ್ದೇ ಹಾಗೆ, ಅರ್ಜಿ ಗಿರ್ಜಿ ಇರಲಿಲ್ಲ. ಹಮಾಲರು ಅವನನ್ನು ಗೂಳಿ ಎಂದರು. ಅವನ ಅಕ್ಕನ ಮಗನೂ ಕೆಲಸಕ್ಕೆ ಸೇರಿದಾಗ ಅವನಿಗೆ ಕರು ಎಂಬ ಹೆಸರು ತಾನಾಗಿಯೇ ಬಿತ್ತು. ಬಾಗಿಲಲ್ಲಿ ತಲೆ ತಗ್ಗಿಸಿಕೊಂಡು ಬರಬೇಕಾದಂಥ ಕರು.

ಗೂಳಿ ಆಳುತ್ತಿದ್ದದ್ದು ಕೈಯಿಂದ. ತಡವಾಗಿ ಬಂದರೆ ಕೆನ್ನೆಗೆ, ಸರಪಳಿ ತಪ್ಪಾಗಿ ಕಟ್ಟಿದರೆ ಬೆನ್ನಿಗೆ. ಆದರೆ ನಾನು ಅವನನ್ನು ಇಟ್ಟುಕೊಂಡದ್ದು ಭಯದಿಂದಲ್ಲ. ಯಾವ ಪ್ಲೇಟು ಎಲ್ಲಿದೆ, ಯಾವ ಸರಪಳಿ ಸವೆದಿದೆ, ಯಾವ ರಾಶಿ ಒಂದು ಕಡೆ ವಾಲುತ್ತಿದೆ, ಎಲ್ಲವೂ ಅವನ ತಲೆಯಲ್ಲಿತ್ತು, ಬೇರೆಲ್ಲೂ ಇರಲಿಲ್ಲ. ನನ್ನ ತಮ್ಮ ಒಮ್ಮೆ ರಾಶಿಗಳಿಗೆ ಬಣ್ಣದಲ್ಲಿ ಅಂಕಿ ಬರೆಸಿದಾಗ ಗೂಳಿ ಸಂಜೆಯೊಳಗೆ ಎಲ್ಲವನ್ನೂ ಉಜ್ಜಿಸಿ ಹಾಕಿದ. ಅವನನ್ನು ಕಳುಹಿಸಿದರೆ ನನ್ನದೇ ಗೋದಾಮಿನಲ್ಲಿ ನಾನು ಕುರುಡ. ಅದು ಅವನಿಗೂ ಗೊತ್ತಿತ್ತು, ನನಗೆ ಗೊತ್ತಿದೆ ಎಂಬುದೂ ಗೊತ್ತಿತ್ತು.

ಒಂದು ದಿನ ಗೂಳಿ ಬರಲಿಲ್ಲ. ಲಾರಿ ಡ್ರೈವರನೊಬ್ಬನ ಹಲ್ಲು ಉದುರಿಸಿದ್ದಕ್ಕೆ ಪೊಲೀಸರು ಕೂರಿಸಿಕೊಂಡಿದ್ದರು. ಹಿತ್ತಿಲ ಗೋಡೆಯ ಬಳಿಯ ಪೈಪಿನ ರಾಶಿಗೆ ಅಡ್ಡಲಾಗಿ ಕೊಟ್ಟ ಮರದ ಗೂಟ ಸೀಳಿತ್ತು. ಅದನ್ನು ಮೊದಲೇ ಕಂಡಿದ್ದವನು ಗೂಳಿಯೊಬ್ಬನೇ. ದಿನವೂ ಆ ಕಡೆ ಹೋದವರನ್ನು ಬೈದು ಓಡಿಸುತ್ತಿದ್ದನೇ ಹೊರತು ಕಾರಣ ಯಾರಿಗೂ ಹೇಳಿರಲಿಲ್ಲ. ಅವತ್ತು ಬೈಯುವವರಿರಲಿಲ್ಲ. ನನ್ನ ತಮ್ಮ ಆ ರಾಶಿಯಿಂದ ಪೈಪು ತೆಗೆಯಲು ಹೇಳಿದ. ಸದಾ ಏನಾದರೂ ಗುನುಗುತ್ತಿದ್ದ ಒಬ್ಬ ಹಮಾಲ, ಹಾಡುಗಾರ ಎಂದೇ ಕರೆಯುತ್ತಿದ್ದೆವು, ಕೆಳಗಿನ ಸಾಲಿಗೆ ಹಾರೆ ಹಾಕಿದ. ಗೂಟ ಮುರಿದು ರಾಶಿಯೆಲ್ಲ ಉರುಳಿತು. ಎದೆಯಿಂದ ಕೆಳಗೆ ಅವನು ಕಾಣಲಿಲ್ಲ. ಬಾಯಿಂದ ರಕ್ತ ಬರುತ್ತಿದ್ದರೂ ಏನೋ ಹೇಳಲು ನೋಡುತ್ತಿದ್ದ. ಪೈಪುಗಳನ್ನು ಸರಿಸಿ ಮುಗಿಸುವ ಹೊತ್ತಿಗೆ ಹೇಳುವುದು ನಿಂತಿತ್ತು.

ಸಂಜೆ ಬಿಡುಗಡೆಯಾಗಿ ಬಂದ ಗೂಳಿ, ಯಾರು ಹೇಳಿದ್ದು ಎಂದು ಕೇಳಿ ನೇರವಾಗಿ ನನ್ನ ತಮ್ಮನ ಕೊರಳಪಟ್ಟಿ ಹಿಡಿದ. ಗೋಡೆಗೆ ಒತ್ತಿ ಮುಷ್ಟಿ ಎತ್ತಿದವನು ಹಾಗೇ ನಿಂತ.

"ನಾನು ನಿಮಗೆ ಹೇಳಿರಲಿಲ್ಲ ಅಲ್ವಾ, ಸಣ್ಣ ಸಾಹುಕಾರ್ರೇ" ಅಂದ.

ಮುಷ್ಟಿ ತಮ್ಮನ ಕಿವಿಯ ಪಕ್ಕದ ಗೋಡೆಗೆ ಬಿತ್ತು. ಬೆರಳ ಗಂಟಿನ ಮೂಳೆ ಮುರಿದ ಸದ್ದು ನನಗೂ ಕೇಳಿಸಿತು.

ಆ ದಿನಗಳಲ್ಲೇ ನಮ್ಮ ವರ್ತಕರ ಸಂಘದಲ್ಲಿ ವ್ಯಾಪಾರಕ್ಕೆ ಮಾಹಿತಿ ವ್ಯವಸ್ಥೆಯನ್ನು ಬಳಸುವುದು ಹೇಗೆಂದು ಮಧ್ಯಾಹ್ನದ ತರಗತಿ ಶುರುವಾಗಿತ್ತು. ನಾನು ಸೇರಿದ್ದು ದಾಸ್ತಾನಿನ ಆಸೆಗೆ. ಯಾವ ಮಾಲು ಓಡುತ್ತದೆ, ಯಾವುದು ತುಕ್ಕು ಹಿಡಿಯುತ್ತದೆ ಎಂದು ಕಂಪ್ಯೂಟರಿನಲ್ಲಿ ಕೂತಲ್ಲೇ ಕಾಣುತ್ತದಂತೆ. ಕಂಡಿತು ಕೂಡ. ನನ್ನ ಅಂಗಡಿಯ ಬಂಗಾರ ಎಂದುಕೊಂಡಿದ್ದ ಕಬ್ಬಿಣದ ಮೂಲೆಪಟ್ಟಿ ಬರೀ ಗದ್ದಲದ ಮಾಲು, ಲಾಭ ಸೊನ್ನೆ ಎಂದು ಅಲ್ಲೇ ಗೊತ್ತಾದದ್ದು. ತಮ್ಮನಿಗೂ ಜಾಗ ಹಿಡಿದಿದ್ದೆ, ಅವನು ಕೈಕೊಟ್ಟ. ಆ ಕುರ್ಚಿಯಲ್ಲಿ ಕೈಗೆ ಪಟ್ಟಿ ಸುತ್ತಿಕೊಂಡ ಗೂಳಿ, ನಾನು ಕರೆಯದಿದ್ದರೂ, ಬಂದು ಕೂತ. ಕುರ್ಚಿ ಒಮ್ಮೆ ನರಳಿತು. ಅಕ್ಕಪಕ್ಕದ ವರ್ತಕರು ಮೆಲ್ಲಗೆ ಕುರ್ಚಿ ದೂರ ಎಳೆದುಕೊಂಡರು.

ಪಾಠ ಹೇಳುತ್ತಿದ್ದ ಮೇಡಂ ಕಡ್ಡಿಯಂಥ ಹೆಂಗಸು, ಮಾತು ಮಾತ್ರ ಕತ್ತರಿ. ನಿಮ್ಮ ಸರಕಿನ ವಿವರವೆಲ್ಲ ಎಲ್ಲಿದೆ ಎಂದು ಒಬ್ಬೊಬ್ಬರನ್ನೇ ಕೇಳುತ್ತ ಬಂದಳು. ಗೂಳಿ ತಲೆ ಮುಟ್ಟಿ ತೋರಿಸಿದ.

"ಆ ತಲೆ ಲಾಕಪ್ಪಿಗೆ ಹೋದ ದಿನ?" ಅಂದಳು ಮೇಡಂ. ಸುದ್ದಿ ಊರಿಗೆಲ್ಲ ಗೊತ್ತಿತ್ತು.

ಹಿಂದೆ ಯಾರೋ ಕಿಸಕ್ಕೆಂದರು. ಗೂಳಿ ಎದ್ದ. ನಕ್ಕವನು ಕುರ್ಚಿ ಸಮೇತ ಗೋಡೆಗೆ ಬಡಿದುಕೊಂಡು ಬಿದ್ದ, ಹುಬ್ಬು ಸೀಳಿತು. ನಾವೆಲ್ಲ ಬಾಗಿಲ ಕಡೆ ನೋಡಿದೆವು. ಮೇಡಂ ನಿಂತಲ್ಲಿಂದ ಕದಲಲಿಲ್ಲ.

"ಅವರನ್ನ ಎತ್ತಿ ಕೂರಿಸಿ. ಆಮೇಲೆ ಉತ್ತರ ಹೇಳಿ."

ಗೂಳಿ ಎತ್ತಿ ಕೂರಿಸಿದ. ಮೇಡಂ ಕಡೆ ತಿರುಗಿ, "ಒಬ್ಬ ಸತ್ತ" ಅಂದ.

ಅವಳು ಸಮಾಧಾನದ ಮಾತಾಡಲಿಲ್ಲ. ವ್ಯವಸ್ಥೆ ಅಂದರೆ ಕಂಪ್ಯೂಟರಲ್ಲ, ಅದು ಬರೀ ಡಬ್ಬ ಎಂದಳು. ಒಬ್ಬನಿಗೆ ಗೊತ್ತಿರುವುದು ಕೆಲಸ ಮಾಡುವವನಿಗೆ ಅವನು ಕೈ ಹಾಕುವ ಮೊದಲೇ ಮುಟ್ಟಬೇಕು. ಮುಟ್ಟುವ ತನಕ ಅವನು ಕೈ ಹಾಕಬಾರದು ಎಂಬ ಕಟ್ಟಳೆ ಇರಬೇಕು. ಕಟ್ಟಳೆ ಇಲ್ಲದಿದ್ದರೆ ಎಷ್ಟು ದುಬಾರಿ ಡಬ್ಬ ತಂದರೂ ದಂಡ ಎಂದಳು. ನಾನು ಡಬ್ಬದ ದರ ಬರೆದುಕೊಳ್ಳುತ್ತಿದ್ದೆ. ಗೂಳಿ ಅವಳ ಬಾಯನ್ನೇ ನೋಡುತ್ತಿದ್ದ.

ಗೋದಾಮಿನ ಬಾಗಿಲಲ್ಲಿ ಒಂದು ಕಂಪ್ಯೂಟರ್ ಪರದೆ ಬಂತು, ಮಹಡಿಯ ಮೇಲಿನ ನನ್ನ ಕಚೇರಿಯಲ್ಲಿ ಇನ್ನೊಂದು. ರಾಶಿಗಳಿಗೆ ಮತ್ತೆ ಅಂಕಿ ಬಿತ್ತು, ಈ ಸಲ ಬರೆದವನೇ ಗೂಳಿ. ಪರದೆಯಲ್ಲಿ ದಾಸ್ತಾನಿನ ಪಕ್ಕ ಇನ್ನೊಂದು ಕಾಲಂ ಬೇಕೆಂದು ಹಟ ಹಿಡಿದ: ರಾಶಿಯನ್ನು ಮುಟ್ಟಬಹುದೋ, ಮುಟ್ಟಬಾರದೋ. ಕಂಪ್ಯೂಟರ್ ಜೋಡಿಸಲು ಬಂದವನು ಅಂಥದ್ದು ಯಾವ ಅಂಗಡಿಯಲ್ಲೂ ಇಲ್ಲ ಎಂದ. ಗೂಳಿ ಅವನ ಹೆಗಲ ಮೇಲೆ ಸ್ನೇಹದಿಂದ ಕೈಯಿಟ್ಟ. ಕಾಲಂ ಬಂತು. ಇನ್ನು ಮುಂದೆ ಯಂತ್ರದಲ್ಲಿ ಅಚ್ಚಾದ, ರಾಶಿಯ ಸಂಖ್ಯೆಯಿರುವ ಚೀಟಿ ಇಲ್ಲದೆ ಕ್ರೇನು ಏನನ್ನೂ ಎತ್ತಬಾರದು, ಚೀಟಿಯಲ್ಲಿ ಕೆಂಪಕ್ಷರ ಇದ್ದರೆ ಹತ್ತಿರವೂ ಹೋಗಬಾರದು. ಕ್ರೇನು ನಡೆಸುವ ಅಜ್ಜನಿಗೆ ಇದನ್ನು ಎರಡು ಏಟು ಕೊಟ್ಟು ಕಲಿಸಿದ. ಬೇರೆ ತರಹ ಕಲಿಸುವುದು ಅವನಿಗಿನ್ನೂ ಬಂದಿರಲಿಲ್ಲ.

ಹಮಾಲರು ಗುಸುಗುಸು ಶುರುಮಾಡಿದರು. ಮಾವ ಎಲ್ಲವನ್ನೂ ಆ ಪರದೆಗೆ ಹೇಳಿಬಿಟ್ಟರೆ ನಾಳೆ ಸಾಹುಕಾರ ಬೀದಿಯಲ್ಲಿ ಹೋಗುವ ಯಾರನ್ನಾದರೂ ತಂದು ನಿಲ್ಲಿಸುತ್ತಾನೆ, ಆಮೇಲೆ ನಮ್ಮನ್ನು ಮೂಸುವವರಿಲ್ಲ ಎಂದು ಕರು ಹೇಳಿಕೊಂಡು ತಿರುಗಿದ. ಹುಡುಗ ದಡ್ಡನಲ್ಲ. ಪರದೆ ಬಂದ ದಿನವೇ ಆ ಯೋಚನೆ ನನಗೂ ಬಂದಿತ್ತು.

ಒಂದು ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋಗಿದ್ದಾಗ, ಗೂಳಿ ಪರದೆಯ ಮುಂದೆ ಕೂತು ಒಂದೇ ಬೆರಳಲ್ಲಿ ಕುಟ್ಟುತ್ತಿದ್ದ. ಗೋಡೆಗೆ ಒರಗಿಸಿ ನಿಲ್ಲಿಸಿದ ಪ್ಲೇಟುಗಳ ಸಾಲನ್ನು ತಡೆದಿದ್ದ ಕಬ್ಬಿಣದ ಚೌಕಟ್ಟಿನಲ್ಲಿ ಬೆಸುಗೆ ಬಿಟ್ಟದ್ದನ್ನು ಆಗಷ್ಟೇ ನೋಡಿ ಬಂದಿದ್ದ. ಕರು ಇಬ್ಬರನ್ನು ಕಟ್ಟಿಕೊಂಡು ಹಿಂದಿನಿಂದ ಬಂದ. ಮೊದಲ ಸರಳಿನೇಟು ಪರದೆಗೆ, ಎರಡನೆಯದು ದವಡೆಗೆ. ಗೂಳಿ ಬಿದ್ದವನೇ ಒಬ್ಬನ ಮಂಡಿ ಹಿಡಿದೆಳೆದು ಅವನ ಭುಜದ ಮೂಳೆ ಒದ್ದು ಮುರಿದ. ಇನ್ನೊಬ್ಬನ ಕಿವಿ ಕಚ್ಚಿ ಹಿಡಿದವನು, ಸಡಿಲಾದ ದವಡೆ ಮುಚ್ಚಲಾರದೆ ಬಿಟ್ಟ. ಅಷ್ಟರಲ್ಲಿ ಕರು ಅವನ ಬಲಗೈಯನ್ನು ಮೆಟ್ಟಿಲ ಅಂಚಿಗೆ ಇಟ್ಟು ಬೂಟಿನಲ್ಲಿ ತುಳಿದ.

"ಇನ್ನು ಒತ್ತು ಮಾವ, ಯಾವ ಬೆರಳಲ್ಲಿ ಒತ್ತುತ್ತೀಯೋ ನೋಡೋಣ."

ನಾನು ಮೆಟ್ಟಿಲಿಳಿದು ಬರುವ ಹೊತ್ತಿಗೆ ನೆಲದ ಮೇಲೆ ಗಾಜು, ಹಲ್ಲು, ರಕ್ತ ಎಲ್ಲ ಕಲೆಸಿಹೋಗಿತ್ತು. ಆಸ್ಪತ್ರೆಯಲ್ಲಿ ಗೂಳಿಯ ದವಡೆಗಳನ್ನು ತಂತಿಯಿಂದ ಬಿಗಿದರು. ಪೊಲೀಸರು ಯಾರು ಹೊಡೆದದ್ದೆಂದು ಕೇಳಿದಾಗ ಅವನು ಕಣ್ಣು ಮುಚ್ಚಿಕೊಂಡ. ಗೋದಾಮಿನ ಪದ್ಧತಿಯಂತೆ ಮಾರನೇ ದಿನದಿಂದ ಕರು ಮೇಸ್ತ್ರಿ.

ಅವನ ಮೊದಲ ಹುಕುಮೇ ಚೀಟಿ ಬೇಡವೆಂಬುದು. ಬಾಗಿಲಲ್ಲಿ ಪ್ಲೇಟಿಗೆ ಲಾರಿ ನಿಂತಿತ್ತು, ಗಿರಾಕಿ ಗೊಣಗುತ್ತಿದ್ದ. ಹಮಾಲರ ಪೈಕಿ ಇಬ್ಬರು ಪಟ್ಟಿ ಸುತ್ತಿಕೊಂಡು ಮಲಗಿದ್ದರಿಂದ ನನ್ನ ತಮ್ಮನೇ ಕೊಕ್ಕೆ ಹಿಡಿದು ಪ್ಲೇಟಿಗೂ ಗೋಡೆಗೂ ನಡುವಿನ ಸಂದಿಗೆ ನುಗ್ಗಿದ. ಕರು ಎತ್ತು ಎಂದ. ಕ್ರೇನಿನ ಅಜ್ಜ ಚೀಟಿ ಕೊಡು ಎಂದ. ಕರು ಅವನನ್ನು ಕಾಲು ಹಿಡಿದು ಕೆಳಗೆಳೆದು ಬಾಯಿಗೆ ಗುದ್ದಿದ. ಅಜ್ಜ ತುಟಿಯ ರಕ್ತ ಉಗಿದು ಎದ್ದು ನಿಂತ.

"ನೀನು ಹೊಡೆದಿದ್ದು ಇವತ್ತಿಗೆ ಆಯ್ತು ಕಣಪ್ಪ. ಚೀಟಿ ಇಲ್ಲದೆ ಎತ್ತಿದ್ರೆ ನಿಮ್ಮಾವ ಬಂದು ಹೊಡೀತಾನೆ, ಅದು ಬೇರೆ ಥರ" ಎಂದು ಹೇಳಿ, ಗೋಡೆ ಹಿಡಿದುಕೊಂಡು ಮಹಡಿ ಹತ್ತಿ ನನ್ನ ಬಳಿ ಬಂದ.

ಕೆಳಗಿನ ಪರದೆ ಒಡೆದಿತ್ತೇ ಹೊರತು ಅದರಲ್ಲಿ ಕುಟ್ಟಿದ್ದು ಒಡೆದಿರಲಿಲ್ಲ. ನನ್ನ ಯಂತ್ರದಿಂದ ಚೀಟಿ ಹೊರಗೆ ಬಂತು, ಅಕ್ಷರ ಕೆಂಪು. ಗೂಳಿ ಏಟು ತಿನ್ನುವ ಮೊದಲೇ ಅದನ್ನು ಮುಗಿಸಿದ್ದ. ನಾನು ಮೆಟ್ಟಿಲ ಮೇಲಿಂದ ತಮ್ಮನ ಹೆಸರು ಹಿಡಿದು ಅರಚಿದೆ. ವ್ಯಾಪಾರಿಯ ಗಂಟಲು ಅಷ್ಟು ದೊಡ್ಡದೆಂದು ನನಗೇ ತಿಳಿದಿರಲಿಲ್ಲ. ಅವನು ನನ್ನನ್ನು ಬೈಯುತ್ತಲೇ ಈಚೆ ಬಂದ.

ಕರುವಿಗೆ ಅವಮಾನವಾಯಿತು. ಒಂದು ಕಾಗದಕ್ಕೆ ಹೆದರುತ್ತೀರಾ ಎಂದು ತಾನೇ ಸಂದಿಗೆ ಹೋಗಿ, ಎಷ್ಟು ಗಟ್ಟಿಯಿದೆ ನೋಡಿ ಎಂದು ಚೌಕಟ್ಟಿಗೆ ಒದ್ದ. ಉಳಿದಿದ್ದ ಬೆಸುಗೆಯೂ ಬಿಟ್ಟಿತು. ಪ್ಲೇಟುಗಳು ಒಂದರ ಮೇಲೊಂದು ಮಗುಚಿದ ಸದ್ದಿಗೆ ಬೀದಿಯವರೂ ಓಡಿಬಂದರು. ಅವನ ಮೇಲರ್ಧ ಹೊರಗಿತ್ತು, ನೆಲವನ್ನು ಉಗುರಿನಿಂದ ಕೆರೆಯುತ್ತಿದ್ದ. ಕ್ರೇನು ಎತ್ತಿತು. ಅದಕ್ಕೆ ಮಾತ್ರ ಅಜ್ಜ ಚೀಟಿ ಕೇಳಲಿಲ್ಲ. ಒಂದು ಕಾಲು ಮಂಡಿಯ ಕೆಳಗೆ ಕಾಲೆಂದು ಹೇಳುವ ಹಾಗಿರಲಿಲ್ಲ, ಆಸ್ಪತ್ರೆಯಲ್ಲಿ ಅದನ್ನು ತೆಗೆದುಹಾಕಿದರು.

ಮಾವನಿಗೂ ಅಳಿಯನಿಗೂ ಒಂದೇ ವಾರ್ಡು. ನಡುವೆ ಗೂಳಿಯ ಅಕ್ಕ ಕೂತು ಇಬ್ಬರನ್ನೂ ಸರದಿಯ ಪ್ರಕಾರ ಶಪಿಸುತ್ತಿದ್ದಳು. ನಾನು ನೋಡಲು ಹೋದಾಗ ಕರು ಅಳುತ್ತ ಕೇಳುತ್ತಿದ್ದ: "ಮುರಿಯುತ್ತೆ ಅಂತ ಗೊತ್ತಿತ್ತಲ್ಲ ಮಾವ, ಬಾಯಿಬಿಟ್ಟು ಒಂದು ಮಾತು ಹೇಳೋಕೆ ಆಗ್ತಿರಲಿಲ್ವಾ?"

"ಆ ಬಾಯಿ ಒಡೆದವನು ನೀನೇ ಅಲ್ವೇನೋ" ಅಂದಳು ತಾಯಿ.

ಗೂಳಿ ತಂತಿ ಬಿಗಿದ ಹಲ್ಲಿನ ಸಂದಿಯಿಂದ ಏನೋ ಸದ್ದು ಮಾಡಿದ. ನಗುವೋ ಅಳುವೋ ನನಗೆ ತಿಳಿಯಲಿಲ್ಲ. ಎಡಗೈ ಚಾಚಿ ಅಳಿಯನ ತಲೆಗೂದಲು ಹಿಡಿದುಕೊಂಡ. ಹೊಡೆಯಲಿಲ್ಲ, ಹಿಡಿದುಕೊಂಡೇ ಮಲಗಿದ.

ತಂತಿ ಬಿಚ್ಚಿದ ಮೇಲೆ ಅವನು ಮೊದಲು ಬಂದದ್ದು ನನ್ನ ಮೇಜಿಗೆ. ಹೊಸ ಪರದೆಯ ಮುಂದೆ ಕರುವನ್ನು ಕೂರಿಸಬೇಕೆಂದ. ಅವನು ಬೇಕೆಂದೇ ತಪ್ಪು ಕುಟ್ಟಿದರೆ ಗತಿಯೇನು ಎಂದು ನಾನು ಕೇಳಿದೆ. ತಪ್ಪಿನ ತೂಕ ಎಷ್ಟೆಂದು ಅವನಷ್ಟು ಬಲ್ಲವರು ಯಾರಿದ್ದಾರೆ ತೋರಿಸಿ ಎಂದ. ಈಗ ಕರು ಅಲ್ಲಿ ಕೂರುತ್ತಾನೆ, ಚೀಟಿಯಿಲ್ಲದೆ ಬಂದವನ ತಾಯಿಯನ್ನೂ ತಂದೆಯನ್ನೂ ಸೇರಿಸಿ ಬೈಯುತ್ತಾನೆ. ಗೂಳಿಯ ಬಲಗೈ ನೆಟ್ಟಗಾಗಲಿಲ್ಲ, ಭಾರ ಎತ್ತಲಾರ. ರಾಶಿಗಳ ನಡುವೆ ಓಡಾಡಿ ಬಿರುಕು ಹುಡುಕುತ್ತಾನೆ, ಬಂದು ಅಳಿಯನಿಗೆ ಹೇಳುತ್ತಾನೆ.

ಅವನಿಲ್ಲದಿದ್ದರೂ ನನ್ನ ಗೋದಾಮು ಈಗ ನಡೆಯುತ್ತದೆ, ಸುಮ್ಮನೆ ಸಂಬಳ ಯಾಕೆ ಕೊಡುತ್ತೀಯ ಎಂದು ಸಂಘದ ಗೆಳೆಯರು ಕೇಳುತ್ತಾರೆ. ವ್ಯಾಪಾರಿಗಳು ಕೇಳುವಂಥ ಪ್ರಶ್ನೆಯೇ. ನನ್ನ ತಮ್ಮ ಇವತ್ತು ಬದುಕಿರುವುದು ಗೂಳಿಯಿಂದ. ಆ ಋಣ ನನ್ನ ಮೇಲಿದೆ, ಇನ್ನೂ ತೀರಿಲ್ಲ.