ಬಾಗಿಲ ಮಾಣಿಕಮ್ಮ

ಅತನೂರಿನಲ್ಲಿ ಬರೀ ಮಾಣಿಕಮ್ಮನ ಮನೆ ಯಾವುದು ಎಂದು ಕೇಳಿದರೆ, ಯಾವ ಮಾಣಿಕಮ್ಮ ಎಂದು ತಿರುಗಿ ನಿಮ್ಮನ್ನೇ ಕೇಳುತ್ತಾರೆ. ಬಾಗಿಲ ಮಾಣಿಕಮ್ಮ ಎಂದರೆ ಸಾಕು, ನಮ್ಮ ಮನೆಯವರೆಗೂ ಬಂದು ಬಿಟ್ಟು ಹೋಗುತ್ತಾರೆ. ಆಕೆ ನಮ್ಮವ್ವ. ಬಾಗಿಲು ಮನೆಯದಲ್ಲ, ನಮ್ಮ ವ್ಯಾನಿನದು. ಅಪ್ಪ ದಶರಥ ಆ ಬಿಳಿ ವ್ಯಾನನ್ನು ಸೊಲ್ಲಾಪುರದಿಂದ ತಂದಾಗಲೇ ಅದು ಒಬ್ಬರ ಕೈಯಲ್ಲಿ ದುಡಿದು ಹಣ್ಣಾಗಿತ್ತು. ಅಪ್ಪ ಓಡಿಸುತ್ತಿದ್ದ, ಅವ್ವ ಹಿಂದೆ ಕೂತು ಬಾಗಿಲು ತೆಗೆದು ಹಾಕುತ್ತಿದ್ದಳು. ಗಾಣಗಾಪುರದ ಯಾತ್ರಿಕರು, ಅಫಜಲಪುರದ ಸಂತೆಗೆ ಹೊರಟವರು, ಹೆರಿಗೆ ನೋವಿನ ಹೆಣ್ಣುಮಕ್ಕಳು, ಎಲ್ಲರೂ ಆ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬಂದವರೇ.

ಅದು ಪಕ್ಕಕ್ಕೆ ಸರಿಯುವ ಬಾಗಿಲು. ಸರಿಯಬೇಕಾದ ಬಾಗಿಲು ಎನ್ನುವುದು ಸರಿ. ಅದು ಓಡಾಡುವ ಕೆಳಗಿನ ಪಟ್ಟಿ ಹಿಂದಿನ ಯಜಮಾನನ ಕಾಲದಲ್ಲೇ ಪೆಟ್ಟು ತಿಂದು ಡೊಂಕಾಗಿತ್ತು. ಅರ್ಧಕ್ಕೆ ಬಂದು ನಿಂತುಬಿಡುತ್ತಿತ್ತು. ನಾವು ಏರಿಗೆ ಎಳೆದರೆ ಅದು ನೀರಿಗೆ ಎಳೆಯುತ್ತಿತ್ತು. ಅವ್ವ ಮಾತ್ರ ಹಿಡಿಕೆಯನ್ನು ಮೇಲಕ್ಕೆತ್ತಿ, ಭುಜ ಕೊಟ್ಟು, ಹಲ್ಲು ಕಚ್ಚಿ ಒಮ್ಮೆ ಜಗ್ಗಿದಳೆಂದರೆ ಗರ್ರ್ ಎಂದು ಹೊರಟುಹೋಗುತ್ತಿತ್ತು. ಆ ಮರ್ಮ ಊರಲ್ಲಿ ಬೇರೆ ಯಾರಿಗೂ ಹತ್ತಲಿಲ್ಲ. ಹತ್ತಿದ್ದರೂ ಅವ್ವ ಮುಟ್ಟಗೊಡುತ್ತಿರಲಿಲ್ಲ ಬಿಡಿ.

ಅಪ್ಪನ ತಾಯಿ ಗಂಗುಬಾಯಿ, ನಮ್ಮ ಆಯಿ, ಭಾರಿ ಜೋರು. ಸೊಸೆಗೆ ಮನೆ ಬಿಟ್ಟರೆ ಹೊಲ, ಹೊಲ ಬಿಟ್ಟರೆ ಮನೆ. ಬೀಗರ ಮದುವೆಗೂ ಹತ್ತು ಸಲ ಕೇಳಿ ಹೋಗಬೇಕು. ಅಂಥ ಆಯಿಯೂ ಬಾಗಿಲಿನ ಮುಂದೆ ಸೋತಳು. ಇದನ್ನು ತೆಗೆಯಲು ಇವಳೇ ಬೇಕು ಎಂದು ಅಪ್ಪ ಅಂದಾಗ ತಾನೇ ಒಮ್ಮೆ ಜಗ್ಗಿ ನೋಡಿ, ಕೈ ಝಾಡಿಸಿ, "ಹಾಳಾಗಿ ಹೋಗ್ಲಿ, ಕರಕೊಂಡು ಹೋಗು ಆಕಿನ್ನ" ಅಂದಿದ್ದಳಂತೆ. ಅಂದಿನಿಂದ ಅವ್ವ ಗಾಡಿಯವಳಾದಳು.

ನನಗೆ ನೆನಪಿರುವ ಅವ್ವ ಅವಳೇ. ಸೆರಗು ಸಿಕ್ಕಿಸಿ, ಬಾಗಿಲ ಪಕ್ಕದ ಸೀಟಿನ ತುದಿಯಲ್ಲಿ ಕೂತು, "ತಲಿ ಬಗ್ಗಸ್ರಿ, ಕೈ ಒಳಗ ತಗೋರಿ, ಬಾಗಲಾ ಹಾಕ್ತೇನಿ" ಎಂದು ಕೂಗುವವಳು. ಸಾಹೇಬರಾಗಲಿ ಸನ್ಯಾಸಿಯಾಗಲಿ ಆ ಹುಕುಂ ಒಂದೇ. ಡ್ರೈವರ್ ಸೀಟಿನ ಎದುರು ಬಾಬಾಸಾಹೇಬರ ಫೋಟೊ. ಅದರ ಪಕ್ಕ ಯಾರೋ ಯಾತ್ರಿಕ ಅಂಟಿಸಿ ಹೋದ ದತ್ತನ ಚಿತ್ರ. ತೆಗೆಯುವುದು ಬೇಡ, ಇಬ್ಬರೂ ಇರಲಿ ಅಂದವಳೂ ಅವ್ವನೇ. ಒಮ್ಮೆ ಭೀಮಾ ಸೇತುವೆಯ ಹತ್ತಿರ ಒಬ್ಬಳಿಗೆ ದವಾಖಾನೆ ಮುಟ್ಟುವ ಮೊದಲೇ ಹೆರಿಗೆಯಾಯಿತು. ಅವ್ವ ಅಪ್ಪನನ್ನೂ ಆ ಹೆಂಗಸಿನ ಗಂಡನನ್ನೂ ಕೆಳಗಿಳಿಸಿ, "ನದಿ ಕಡಿ ಮಾರಿ ಮಾಡಿ ನಿಲ್ಲರಿ" ಎಂದು ಗದರಿ ಬಾಗಿಲು ಹಾಕಿಕೊಂಡಳು. ಕೂಸು ಅತ್ತ ಮೇಲೆಯೇ ತೆಗೆದದ್ದು. ದಿನಾ ಸಂಜೆ ಜೇವರ್ಗಿ ಕ್ರಾಸಿನಲ್ಲಿ ಚಹಾ ಕುಡಿಯುವಾಗ ಅವಳ ಮುಖದಲ್ಲಿ ಒಂದು ಕಳೆ ಇರುತ್ತಿತ್ತು. ಆ ಮುಖ ಮನೆಯಲ್ಲಿ ನಾನು ಯಾವತ್ತೂ ಕಾಣಲಿಲ್ಲ.

ಆಯಿ ತೀರಿಕೊಂಡ ಕೆಲವು ವರ್ಷಗಳ ಮೇಲೆ ಅವ್ವನಿಗೆ ಲಕ್ವಾ ಹೊಡೆಯಿತು. ಜೀವ ಉಳಿಯಿತು, ಕಾಲೂ ನಡೆಯಿತು, ಬಲಗೈ ಮಾತ್ರ ಏಳಲಿಲ್ಲ. ಕಲಬುರಗಿಯ ದವಾಖಾನೆಗೆ ಒಯ್ಯುವ ದಿನ ಬಾಗಿಲು ಯಾರ ಮಾತೂ ಕೇಳಲಿಲ್ಲ. ಕೊನೆಗೆ ನಾಲ್ಕು ಜನ ಅವಳನ್ನು ಎತ್ತಿ, ಓಣಿಯೆಲ್ಲ ನೋಡುತ್ತಿರುವಾಗ, ಮುಂದಿನ ಬಾಗಿಲಿಂದ ತುರುಕಿದರು. ವಾಪಸು ಬಂದು ಇಳಿದವಳೇ ಅಂದಳು: "ತೊಗರಿ ಚೀಲಾನೂ ಇದಕ್ಕಿಂತ ಮರ್ಯಾದಿಲೆ ಏರಸ್ತಾರ. ಇನ್ನ ಈ ಗಾಡಿ ಹತ್ತಂಗಿಲ್ಲ." ಹತ್ತಲಿಲ್ಲ. ಬರಬರುತ್ತ ಹೊಸ್ತಿಲೂ ದಾಟದಾದಳು. ಕರೆಯಲು ಬಂದವರಿಗೆ ಮೈ ಹುಷಾರಿಲ್ಲ ಎನ್ನುತ್ತಿದ್ದಳು. ವ್ಯಾನು ಬೇವಿನ ಮರದ ಕೆಳಗೆ ನಿಂತು ಮಳೆಗಾಲಗಳನ್ನು ತಿಂದಿತು.

ಅಫಜಲಪುರದ ಹೈಸ್ಕೂಲಿನಲ್ಲಿ ಪಾಠ ಹೇಳುವ ನಾನು ಊರಿಗೆ ಬಂದಾಗಲೆಲ್ಲ ಅದನ್ನು ಗುಜರಿಗೆ ಹಾಕು ಎಂದು ಅಪ್ಪನ ಜೊತೆ ಜಗಳ ತೆಗೆಯುತ್ತಿದ್ದೆ. ನನ್ನ ಸಿಟ್ಟು ಊರಿಗೇ ಗೊತ್ತು. ಅಪ್ಪನದು ಬೀಗ ಹಾಕಿದ ಬಾಯಿ. ಕಳೆದ ದೀಪಾವಳಿ ರಜೆಯಲ್ಲಿ ಮಾತ್ರ ಬಾಯಿ ಬಿಟ್ಟ: "ಜೇವರ್ಗಿಗೆ ಒಯ್ತೇನಿ. ಎಡಗೈಲೆ ತೆಗಿಯೂ ಹಂಗ ಆದ್ರ ನಿಮ್ಮವ್ವ ಹತ್ತತಾಳ. ಹೊರಗ ಬರ್ತಾಳ."

"ಆಕಿ ಬರಂಗಿಲ್ಲಪ್ಪ," ಅಂದೆ.

"ನೋಡೂಣು," ಅಂದ.

ಜೇವರ್ಗಿಯ ರಸ್ತೆಬದಿಯಲ್ಲಿ ಗೌಸಮೊಹಿದ್ದೀನರ ಗ್ಯಾರೇಜು. ಅಪ್ಪನ ಹಳೆಯ ಗೆಳೆಯ, ನನಗೆ ಗೌಸ್ ಚಾಚಾ. ಹೊಸ ಬ್ಯಾಟರಿ ಹಾಕಿ ನಾನೂ ಅಪ್ಪನೂ ವ್ಯಾನನ್ನು ಅಲ್ಲಿಗೆ ಒಯ್ದೆವು. ಅವರೂ ಅಪ್ಪನೂ ಸೇರಿ ಬಾಗಿಲನ್ನು ಇಡಿಯಾಗಿ ಎತ್ತಿ ಇಳಿಸಿದರು. ಪಟ್ಟಿಯ ತುಂಬ ಕಪ್ಪು ಮಣ್ಣು ಕಲ್ಲಾಗಿ ಕೂತಿತ್ತು, ಅದರ ಕೆಳಗೆ ತುಕ್ಕು ಹಪ್ಪಳದಂತೆ ಎದ್ದಿತ್ತು. ಸೀಮೆಎಣ್ಣೆ ಸುರಿದು, ತಂತಿ ಬ್ರಶ್ಶಿನಿಂದ ಉಜ್ಜಿ, ಕೊಳೆತ ತುಂಡು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿದರು. ಡೊಂಕನ್ನು ಸುತ್ತಿಗೆಯಲ್ಲಿ ನೆಟ್ಟಗೆ ಮಾಡಿ, ಗ್ರೈಂಡರಿನಿಂದ ನುಣ್ಣಗೆ ಮಾಡಿ, ಕೆಂಪು ಬಣ್ಣ ಬಳಿದು, ಬಾಗಿಲಿನ ಗಾಲಿಗಳನ್ನು ಬದಲಿಸಿದರು. ಅಪ್ಪ ಗ್ರೀಸಿನ ಡಬ್ಬಿಗೆ ಕೈ ಹಾಕಿದರೆ ಚಾಚಾ ಬೈದರು: "ಲೇ ದಶರಥ, ರೊಟ್ಟಿಗಿ ಬೆಣ್ಣಿ ಹಚ್ಚಿದಂಗ ಹಚ್ಚಬ್ಯಾಡ. ಮಣ್ಣು ಹಿಡೀತದ."

ಬಾಗಿಲು ಕೂಡಿಸಿದ ಮೇಲೆ ಅಪ್ಪ ಮೊದಲು ತೆಗೆಯಲು ಹೋದ. ವರ್ಷಗಟ್ಟಲೆ ಅವ್ವನನ್ನು ನೋಡಿ ನೋಡಿ ರೂಢಿ ಅಲ್ಲವೇ, ಹಿಡಿಕೆ ಎತ್ತಿ, ಭುಜ ಕೊಟ್ಟು, ಹಲ್ಲು ಕಚ್ಚಿ ಜಗ್ಗಿದ. ಬಾಗಿಲು ಧಡ್ ಎಂದು ಹಿಂದಕ್ಕೆ ಹಾರಿತು, ಅಪ್ಪ ನೆಲಕ್ಕೆ ಕೂತ. ಚಾಚಾ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ನಾನೂ ನಕ್ಕೆ. ಭಾಬಿಯ, ಅಂದರೆ ಅವ್ವನ, ಮುಖ ನೋಡಿ ಬಹಳ ದಿನವಾಯಿತೆಂದು ಚಾಚಾ ನಮ್ಮ ಜೊತೆಗೇ ಅತನೂರಿಗೆ ಹೊರಟರು.

ಮನೆಯ ಮುಂದೆ ಹಾರ್ನ್ ಹೊಡೆದಾಗ ಅವ್ವ ಹೊಸ್ತಿಲ ಒಳಗೇ ನಿಂತಳು. ಚಾಚಾ ಬಂದಿದ್ದರೆಂದು ಮರ್ಯಾದೆಗೆ ಅಂಗಳಕ್ಕಿಳಿದಳು. ಅಪ್ಪ ಬಾಗಿಲಿನಿಂದ ದೂರ ಸರಿದು ನಿಂತ. ಅವ್ವ ಅವನನ್ನು ನೋಡಿದಳು, ಬಾಗಿಲನ್ನು ನೋಡಿದಳು, ಎಡಗೈ ಇಟ್ಟಳು. ಬಾಗಿಲು ಸದ್ದಿಲ್ಲದೆ ಸರಿದು ಹೋಯಿತು. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು.

"ಇಷ್ಟು ಹಗರ?" ಅಂದಳು. "ಭಾಳ ತ್ರಾಸ ಆತೇನು ಗೌಸಣ್ಣ?"

"ಈಗ ತುಕ್ಕು ಹಿಡದದ್ದಕ್ಕ ಇಡೀ ದಿನಾ ಹಿಡೀತು ಭಾಬಿ. ಗಾಡಿ ತಗೊಂಡ ವರ್ಷ ಅರ್ಧಾ ದಿನದ ಕೆಲಸಾ ಇತ್ತು. ಪಟ್ಟಿ ನೆಟ್ಟಗ ಮಾಡಿ ಕೊಡ್ತೇನಿ ಅಂತ ಆವಾಗೇ ಹೇಳಿದ್ದೆ. ಇಂವನೇ ಬ್ಯಾಡ ಅಂದ."

ಅವ್ವ ಅಪ್ಪನ ಕಡೆ ತಿರುಗಿದಳು. ಎಷ್ಟೋ ಸಂಜೆ ಅವಳ ಭುಜಕ್ಕೆ ಎಣ್ಣೆ ತಿಕ್ಕಿದವಳು ನಾನು. ನನಗೂ ಮೈ ಉರಿಯಿತು.

"ಯಾಕ ಬ್ಯಾಡ ಅಂದ್ರಿ?" ಅವ್ವ ಕೇಳಿದಳು. "ಇಷ್ಟು ವರ್ಷ ನನ್ನ ರಟ್ಟಿ ಮುರದು ಹೋತು. ಯಾಕ ಬ್ಯಾಡ ಅಂದ್ರಿ?"

ಅಪ್ಪ ಮೆಲ್ಲಗೆ ಅಂದ: "ಬಾಗಲಾ ಸರಳ ಆಗಿದ್ರ ನಮ್ಮವ್ವ ನಿನ್ನ ಹೊರಗ ಬಿಡ್ತಿದ್ದಿಲ್ಲ. ಆಕಿಗಿ ಹೇಳಾಕ ನನ್ನ ಕಡಿ ಬ್ಯಾರೆ ಮಾತು ಇದ್ದಿಲ್ಲ."

ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಚಾಚಾ ಟೋಪಿ ತೆಗೆದು ತಲೆ ಕೆರೆದುಕೊಂಡರು. ಅವ್ವ ಎಡಗೈಯಿಂದ ಬಾಗಿಲನ್ನು ಮತ್ತೊಮ್ಮೆ ಸರಿಸಿ ನೋಡಿದಳು.

"ಈಗ ಹಗರ ಮಾಡಿಸೀರಿ," ಅಂದಳು. "ಈಗ ಯಾರು ಬೇಕಾದ್ರೂ ತೆಗೀತಾರ. ನಾ ಯಾಕ ಬೇಕು?"

"ಈಗ ಬಾಗಲಾ ತೆಗಿಯಾಕ ಕರಿಯಂಗಿಲ್ಲ," ಅಂದ ಅಪ್ಪ. "ಸುಮ್ನ ಬಾ. ನನ್ನ ಸಂಗಾಟ ಬಾ."

ಅವ್ವ ಎಡಗೈಯಿಂದ ಸೆರಗು ಸಿಕ್ಕಿಸಿದಳು. ವ್ಯಾನಿನ ಮುಂದಿನಿಂದ ಸುತ್ತಿ ಬಂದು, ಇಷ್ಟು ವರ್ಷಗಳಲ್ಲಿ ಒಮ್ಮೆಯೂ ತಾನಾಗಿ ಕೂರದಿದ್ದ ಅಪ್ಪನ ಪಕ್ಕದ ಸೀಟಿಗೆ ಹತ್ತಿ ಕೂತಳು.